ಬೂದ್ಯಾನ ಆಚಾರ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಬೇರೆ ಕೆಲಸ ನೆನಪಾಗುತ್ತದೆ. ಕನ್ನಡಕದ ಗಾಜು ಒರೆಸಬೇಕು, ಗಡಿಯಾರಕ್ಕೆ ಸೆಲ್ ಹಾಕಬೇಕು, ಹುನಗುಂದದಲ್ಲಿ ಯಾರೋ ಕಾಲು ಮುರಿದುಕೊಂಡಿದ್ದಾರಂತೆ, ಹೋಗಿ ಮಾತಾಡಿಸಿ ಬರಬೇಕು. ಹೋದರೆ ಆ ಮನುಷ್ಯನಿಗೆ ನನ್ನ ಗುರುತೇ ಇರುವುದಿಲ್ಲ. ಹೀಗೆ ವರ್ಷಗಳನ್ನು ದೂಡಿದೆ. ಇವತ್ತು ಗಾಜು ಒರೆಸಿಯಾಗಿದೆ, ಗಡಿಯಾರ ನಡೆಯುತ್ತಿದೆ, ಹುನಗುಂದದವನ ಕಾಲೂ ಕೂಡಿದೆಯಂತೆ. ಇನ್ನು ನೆಪವಿಲ್ಲ. ವಿಷಯ ದೊಡ್ಡದೇನಲ್ಲ, ನಾವು ಮನೆಗೊಂದು ನಾಯಿ ತಂದ ಕಥೆ. ದೊಡ್ಡದೇನಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡು ಬಂದದ್ದೂ ನನ್ನ ತಪ್ಪಿನಲ್ಲೇ ಸೇರುತ್ತದೆ.

ನಾನು ಇಳಕಲ್ಲಿನವನು. ಮೆಟ್ರಿಕ್ ಮುಗಿಸಿ ಸೀರೆ ಅಂಗಡಿಯ ಗಾದಿಯ ಮೇಲೆ ಕೂತವನು ಎದ್ದದ್ದು ಮುದುಕನಾಗಿ. ಕೆಲಸ ಬಿಟ್ಟ ಮೇಲೆ ಬಾಯಿ ತುರಿಸತೊಡಗಿತು. ಜೀವಮಾನವೆಲ್ಲ ಗಿರಾಕಿಗಳಿಗೆ ಸೆರಗಿನ ಬಣ್ಣ ಹೊಗಳಿದ ಬಾಯಿ ಅದು, ಸುಮ್ಮನಿರು ಎಂದರೆ ಕೇಳುತ್ತದೆಯೇ? ಒಂದು ನಾಯಿ ತರೋಣ, ಅದರ ಮುಂದೆ ಮಾತಾಡಿಕೊಂಡಿರುತ್ತೇನೆ ಎಂದೆ. ನನ್ನ ಹೆಂಡತಿ ಬೇಡ ಅನ್ನಲಿಲ್ಲ, ಶರತ್ತು ಹಾಕಿದಳು.

"ನಮ್ಮದು ಲಿಂಗ ಕಟ್ಟಿದ ಮನಿ. ನಾಯಿನೂ ರೊಟ್ಟೀನ ತಿನ್ನಬೇಕು. ಅದರವ್ವನೂ ರೊಟ್ಟಿ ತಿಂದಾಕಿ ಇರಬೇಕು."

ಹೆಣ್ಣು ನೋಡಲು ಹೋದಾಗ ಮನೆತನ ವಿಚಾರಿಸುವುದು ನನಗೆ ಗೊತ್ತು. ನಾಯಿಯ ತಾಯಿಯ ಊಟ ವಿಚಾರಿಸುವುದು ಹೇಗೆಂದು ಗೊತ್ತಿರಲಿಲ್ಲ. ಹುನಗುಂದದ ದಾರಿಯಲ್ಲಿ ಕುರಿ ಕಾಯುತ್ತಿದ್ದವನೊಬ್ಬನನ್ನು ನಿಲ್ಲಿಸಿ, "ನಿನ್ನ ನಾಯಿ ಏನು ತಿಂತೈತೋ ತಮ್ಮಾ?" ಎಂದು ಕೇಳಿದೆ. "ಸಿಕ್ಕದ್ದು ತಿಂತೈತ್ರಿ. ಏನೂ ಸಿಗದಿದ್ರ ನನ್ನ ನೋಡ್ತೈತಿ" ಎಂದ. ಅಲ್ಲಿಂದ ಬೇಗ ಬಂದುಬಿಟ್ಟೆ.

ದಾರಿ ತೋರಿಸಿದವಳು ಪಕ್ಕದ ಮನೆಯಾಕೆ. ಜೋಳದ ರೊಟ್ಟಿ ಬಡಿದು ಮಾರಿ ಬದುಕುವ ಒಂಟಿ ಹೆಣ್ಣುಮಗಳು. ಓಣಿಯೆಲ್ಲ ಅವಳನ್ನು ರೊಟ್ಟಿ ಅಕ್ಕ ಎನ್ನುತ್ತಿತ್ತು. ಮದುವೆಯಿರಲಿ, ತೊಟ್ಟಿಲಿರಲಿ, ವಾರಗಟ್ಟಲೆ ಕೆಡದ ಗರಿಗರಿ ಖಟಿ ರೊಟ್ಟಿ ಅವಳ ಮನೆಯಿಂದಲೇ ಬರಬೇಕು. ಅವಳ ತವರು ಬಾದಾಮಿ ಹತ್ತಿರದ ಚೊಳಚಗುಡ್ಡ. ಅವಳ ತಂಗಿ ಅಲ್ಲಿಯ ಬನಶಂಕರಿ ಗುಡಿಯ ಮುಂದೆ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ಇಟ್ಟುಕೊಂಡು ಬಂದವರಿಗೆ ಊಟ ಹಾಕುತ್ತಿದ್ದಳು.

"ಅಕ್ಕಾರ, ಬನಶಂಕರಿ ನಾಯಿಗಳು ಅಪ್ಪಟ ರೊಟ್ಟಿ ನಾಯಿಗಳ್ರಿ. ನಮ್ಮ ತಂಗಿ ಬುಟ್ಟಿ ಹಿಂದ ಒಂದು ನಾಯಿ ಮರಿ ಹಾಕೇತಿ. ಬರ್ರಿ, ನಾನ ಆರಿಸಿ ಕೊಡ್ತೇನಿ" ಎಂದಳು ನನ್ನ ಹೆಂಡತಿಗೆ.

ದೇವಿಯ ಸನ್ನಿಧಿಯ ನಾಯಿ, ಅದೂ ರೊಟ್ಟಿಯ ವಂಶದ್ದು! ಮೂವರೂ ಬಸ್ಸು ಹತ್ತಿದೆವು. ಗುಡಿಯ ಮುಂದಿನ ಹೊಂಡದ ಬದಿಯ ಕಟ್ಟೆಯ ಕೆಳಗೆ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ನನ್ನ ಹೆಂಡತಿ ಬಿಸಿ ರೊಟ್ಟಿಯೊಂದನ್ನು ಅವುಗಳ ಮುಂದೆ ಹಾಸಿ, ಪರೀಕ್ಷೆಯ ಮಾಸ್ತರರಂತೆ ಕೈಕಟ್ಟಿ ನಿಂತಳು. ಬೂದಿ ಬಣ್ಣದ ಒಂದು ಮರಿ ತೂರಾಡುತ್ತ ಬಂದು ರೊಟ್ಟಿಯ ಮೇಲೆ ಕುಂಡೆ ಊರಿ ಕೂತಿತು.

"ರೊಟ್ಟಿ ಮ್ಯಾಲೆ ಎಷ್ಟು ಭಕ್ತಿ ನೋಡ್ರಿ!" ಎಂದಳು ನನ್ನವಳು.

"ಅಕ್ಕಾರ, ಅದಕ್ಕ ಥಂಡಿ ಹತ್ತೈತಿ. ರೊಟ್ಟಿ ಬಿಸಿ ಐತಿ, ಕುಂತೈತಿ. ಆ ಕರಿ ಮರಿ ತಗೋರಿ, ಅದು ತಿನ್ನಾಕ ಹತ್ತೈತಿ" ಎಂದಳು ರೊಟ್ಟಿ ಅಕ್ಕ. ಭಕ್ತಿಯನ್ನು ಕಣ್ಣಾರೆ ಕಂಡವರು ಇಂಥ ಮಾತು ಕೇಳುವುದಿಲ್ಲ. ಕೊನೆಗೆ ಅವಳೇ ಸೋತು, ಬೂದಿ ಮರಿಯ ಕಿವಿ, ಬಾಲ, ಹಲ್ಲು ನೋಡಿ, "ಇದೂ ಚಲೋ ಐತಿ ಬಿಡ್ರಿ, ಮಾರಿ ನೋಡಿದ್ರ ಶಾಣ್ಯಾನಂಗ ಐತಿ" ಎಂದು ತನ್ನ ಸೆರಗಿನಲ್ಲಿ ಸುತ್ತಿಕೊಂಡು ಇಳಕಲ್ಲಿನವರೆಗೂ ತಂದಳು. ಬಣ್ಣದಿಂದಾಗಿ ಅದರ ಹೆಸರು ಬೂದ್ಯಾ ಎಂದಾಯಿತು.

ಸ್ವಾಗತ ಜೋರಾಗಿಯೇ ನಡೆಯಿತು. ಬಾಗಿಲಲ್ಲಿ ಆರತಿ ಎತ್ತಿದರು. ಹಣೆಗೆ ವಿಭೂತಿ ಹಚ್ಚಿದರೆ ಬೂದ್ಯಾ ಸೀನಿ ಎಲ್ಲರಿಗೂ ಹಂಚಿತು. ಹೊಸ ಪ್ರಾಣಿಯನ್ನು ಬೀಸುಕಲ್ಲಿನ ಸುತ್ತ ತಿರುಗಿಸಿದರೆ ಮನೆ ಬಿಟ್ಟು ಹೋಗುವುದಿಲ್ಲ ಎಂದು ನನ್ನ ಹೆಂಡತಿಯ ನಂಬಿಕೆ. ನಮ್ಮ ಬೀಸುಕಲ್ಲೋ ಗೋಡೆಗೆ ಒತ್ತಿ ಕೂತಿತ್ತು, ಸುತ್ತಲು ಜಾಗವಿರಲಿಲ್ಲ. ಕಲ್ಲು ಸರಿಸಲು ಹೋಗಿ ನನ್ನ ಸೊಂಟ ಹಿಡಿದುಕೊಂಡಿತು. ಆ ಹೊತ್ತು ಮನೆ ಬಿಟ್ಟು ಹೋಗಲಾರದ ಸ್ಥಿತಿಗೆ ಬಂದವನು ನಾನು. ನಾಯಿ ಬಾಗಿಲಾಚೆ ಹೋಗಿ ಆಡುತ್ತಿತ್ತು.

ಇನ್ನು ಊಟದ ಮಾತು. ರೊಟ್ಟಿ ಹಾಕಿದರೆ ಬೂದ್ಯಾ ಅದನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿತ್ತು. ಹಾಲಲ್ಲಿ ನೆನೆಸಿ ಹಾಕಿದರೆ ಹಾಲು ಕುಡಿದು ಒದ್ದೆ ದಿಂಬಿನ ಮೇಲೆ ಮಲಗುತ್ತಿತ್ತು. ದಿನ ಕಳೆದಂತೆ ಪಕ್ಕೆಲುಬುಗಳು ಹಾರ್ಮೋನಿಯಂ ಪಟ್ಟಿಗಳಂತೆ ಕಾಣತೊಡಗಿದವು. ದನದ ದವಾಖಾನೆಗೆ ಹೊತ್ತೊಯ್ದೆ.

"ಏನು ಹಾಕ್ತೀರಿ?" ಡಾಕ್ಟರು ಕೇಳಿದರು.

"ರೊಟ್ಟಿರಿ."

"ಮತ್ತ?"

"ಮತ್ತ ಇನ್ನೊಂದು ರೊಟ್ಟಿರಿ."

"ಅಜ್ಜಾರ, ಇದು ನಾಯಿ ಐತಿ, ಸ್ವಾಮಿಗಳಲ್ಲ. ದಿನಾ ಒಂದು ಕುದಿಸಿದ ತತ್ತಿ ಹಾಕ್ರಿ."

ತತ್ತಿ ಎಂಬ ಶಬ್ದವನ್ನು ಹೊತ್ತು ಮನೆಗೆ ಹೋಗುವುದು ನನ್ನಿಂದಾಗಲಿಲ್ಲ, ದಾರಿಯಲ್ಲೇ ಇಳಿಸಿಬಿಟ್ಟೆ. "ಏನಂದ್ರು?" ಎಂದಳು ಹೆಂಡತಿ. "ಪ್ರೀತಿಯಿಂದ ಹಾಕ್ರಿ ಅಂದ್ರು" ಎಂದೆ. "ಹಂಗಾರ ನಾ ಇಷ್ಟು ದಿನ ಸಿಟ್ಟಿನಿಂದ ಹಾಕ್ತಿದ್ನೇನು?" ಎಂದು ಆ ಡಾಕ್ಟರನ್ನು ವಾರಗಟ್ಟಲೆ ಬೈದಳು. ಪಾಪ, ಅವರು ನಿಜ ಹೇಳಿದ ತಪ್ಪಿಗೆ ಬೈಗುಳ ತಿಂದರು.

ಅಂದಿನಿಂದ ನನಗೆ ಸಂಜೆ ವಾಕಿಂಗ್ ಶುರುವಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ತತ್ತಿ ಗಾಡಿ ಒಂದಿದೆ. ಮೊದಲ ದಿನ ನಾನು ಅದರ ಮುಂದೆ ಮೂರು ಸಲ ಹಾದುಹೋಗಿ, ನಾಲ್ಕನೆಯ ಸಲ ಮುಖಕ್ಕೆ ಟವೆಲ್ ಸುತ್ತಿಕೊಂಡು ನಿಂತೆ.

"ಕಾಕಾರ, ಉಪ್ಪು ಖಾರ ಹಾಕ್ಲೇನ್ರಿ?"

"ಬ್ಯಾಡಪಾ, ಖಾರ ಆದ್ರ ಸೀನ್ತೈತಿ."

"ಯಾರ್ರಿ?"

"ನಾನು."

ತತ್ತಿಯನ್ನು ಕಿಸೆಗೆ ಹಾಕಿಕೊಂಡು, ಬೂದ್ಯಾನನ್ನು ಎಳೆದುಕೊಂಡು, ರೊಟ್ಟಿ ಅಕ್ಕನ ಹಿತ್ತಲ ಗೋಡೆಯ ಹಿಂದಿನ ಜಾಲಿ ಕಂಟಿಯ ಮರೆಗೆ ಬರುತ್ತಿದ್ದೆ. ಓಣಿಯಲ್ಲಿ ಯಾರ ಕಣ್ಣಿಗೂ ಬೀಳದ ಜಾಗ ಅದೊಂದೇ. ಸುಲಿದು ಕೊಟ್ಟರೆ ಒಂದೇ ಗುಟುಕು. ಆದರೆ ಸಿಪ್ಪೆ? ತತ್ತಿಯ ವಿಷಯದಲ್ಲಿ ತಿನ್ನುವುದು ಕ್ಷಣದ ಕೆಲಸ, ಸಿಪ್ಪೆಯದೇ ಸಂಸಾರ. ಮನೆಗೆ ಒಯ್ಯುವಂತಿಲ್ಲ. ಪುರಸಭೆಯ ಕಸದ ಗಾಡಿಗೆ ಹಾಕೋಣವೆಂದರೆ ಅದು ಹಸಿ ಕಸವೋ ಒಣ ಕಸವೋ ಎಂದು ಗಾಡಿಯವನನ್ನು ಕೇಳಬೇಕು, ಕೇಳಿದರೆ ಓಣಿಯೆಲ್ಲ ಕೇಳಿಸಿಕೊಳ್ಳುತ್ತದೆ. ಕಂಟಿಯೊಳಗೇ ಒಗೆದೆ. ಮರುದಿನವೂ ಒಗೆದೆ.

ಬೂದ್ಯಾ ಬೆಳೆಯಿತು. ಮೈಮೇಲೆ ಕೂದಲು ರೇಷ್ಮೆಯಾಯಿತು. ನಮ್ಮ ಊರಿನ ಸೀರೆಯ ಮೈಗೂ ಸೆರಗಿಗೂ ಹಾಸಿನ ಎಳೆ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಯುವ ಎಳೆ, ಬೇರೆ ಬೇರೆ. ಎರಡನ್ನೂ ಕೂಡಿಸುವ ಕೊಂಡಿ ಇದೆಯಲ್ಲ, ನೇಕಾರನ ಕೈಗುಣವೆಲ್ಲ ಅಲ್ಲಿ. ಜಾಣ ಕೈ ಕೂಡಿಸಿದರೆ ಹತ್ತಿ ಎಲ್ಲಿ ಮುಗಿಯಿತು, ರೇಷ್ಮೆ ಎಲ್ಲಿ ಶುರುವಾಯಿತು ಎಂದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಹೆಂಡತಿ ಮುಂಜಾನೆ ಹಾಕುವ ರೊಟ್ಟಿಗೂ ನಾನು ಸಂಜೆ ಹಾಕುವ ತತ್ತಿಗೂ ಬೂದ್ಯಾನ ಹೊಟ್ಟೆಯಲ್ಲಿ ಅಂಥ ಕೊಂಡಿ ಬಿದ್ದಿತ್ತು. ನೋಡಿದವರು ಎಲ್ಲವನ್ನೂ ರೊಟ್ಟಿ ಎಂದೇ ತಿಳಿದರು.

ರೊಟ್ಟಿ ತಿಂದು ಹುಲಿಯಂತಾದ ನಾಯಿ ಎಂದು ಸುದ್ದಿ ಹಬ್ಬಿತು. ಬಾಗಲಕೋಟೆಯ ಬೀಗರು ಬಂದು ಅದರ ಜೊತೆ ಫೋಟೊ ತೆಗೆಸಿಕೊಂಡರು. ಓಣಿಯವರ ವಾಟ್ಸಾಪ್ ಗುಂಪಿನಲ್ಲಿ ಮುಂಜಾನೆ ಮುಂಜಾನೆ ಬೂದ್ಯಾನ ಮುಖ, ಕೆಳಗೆ 'ಶರಣು ಶರಣಾರ್ಥಿ'. ಹೆಂಗಸರು ನನ್ನ ಹೆಂಡತಿಯ ಹತ್ತಿರ ಹಿಟ್ಟಿನ ಹದ ಕೇಳಲು ಬಂದರು. ಒಬ್ಬ ತಂದೆಯಂತೂ ಕಾಲೇಜು ಓದುವ ಮಗನ ರಟ್ಟೆ ಹಿಡಿದು ತಂದು, "ನೋಡಿ ಕಲಿ ಲೇ, ಹೊರಗ ಕಂಡಕಂಡದ್ದು ತಿನ್ನಾವ ನೀನು" ಎಂದು ನಾಯಿಯ ಮುಂದೆ ನಿಲ್ಲಿಸಿದ. ಹುಡುಗ ನಾಯಿಯನ್ನು ನೋಡಿದ. ನಾಯಿ ಅವನ ಬೆರಳು ಮೂಸಿ, ಹಳೆಯ ಗೆಳೆಯನನ್ನು ಕಂಡಂತೆ ಬಾಲ ಅಲ್ಲಾಡಿಸಿತು. ಇಬ್ಬರೂ ಒಂದೇ ಗಾಡಿಯ ಗಿರಾಕಿಗಳೆಂದು ನನಗೆ ಹೊಳೆಯಿತು. ನಾನು ಹುಡುಗನನ್ನು ನೋಡಲಿಲ್ಲ, ಅವನೂ ನನ್ನನ್ನು ನೋಡಲಿಲ್ಲ.

ಹೀಗಿರುವಾಗ ಗಟಾರ ತೆಗೆಯಲು ಆ ಜಾಲಿ ಕಂಟಿ ಕಡಿದರು. ಪಟ್ಟದಕಲ್ಲಿನ ಕಡೆ ನೆಲ ಅಗೆದರೆ ರಾಜರ ಕಾಲದ ಕಲ್ಲು ಸಿಗುತ್ತದಂತೆ. ನಮ್ಮ ಓಣಿಯಲ್ಲಿ ನನ್ನ ಕಾಲದ ಸಿಪ್ಪೆ ಸಿಕ್ಕವು. ಒಂದೆರಡಲ್ಲ, ಗುಡ್ಡೆ. ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. ರೊಟ್ಟಿ ಅಕ್ಕನ ಗೋಡೆಗೆ ಒರಗಿಕೊಂಡೇ ಇದ್ದವು. ಅಷ್ಟು ಸಾಕಾಯಿತು.

"ರೊಟ್ಟಿ ಸುಡೋ ಅದ ಹಂಚಿನ ಮ್ಯಾಲೆ ಆಮ್ಲೆಟ್ ಮಾಡ್ತಾಳಂತ" ಎಂದು ಮುಂಜಾನೆ ಒಬ್ಬರೆಂದರು. ಮಧ್ಯಾಹ್ನದ ಹೊತ್ತಿಗೆ ಅದರ ವಾಸನೆ ಮೂಗಿಗೆ ಬಡಿದವರು ಹುಟ್ಟಿಕೊಂಡರು. ಓಣಿಯ ಹಿರಿಯರೊಬ್ಬರು ನಮ್ಮ ಕಟ್ಟೆಯ ಮೇಲೆ ಕೂತು, "ನೋಡ್ರಿ, ಈ ಬೂದ್ಯಾಗ ಇರೋ ಆಚಾರ ಮನಷ್ಯಾರಿಗೆ ಇಲ್ಲದಂಗಾತು" ಎಂದರು. ಬೂದ್ಯಾ ಅವರ ಕಾಲ ಬಳಿ ಕಣ್ಣು ಮುಚ್ಚಿ ಕೂತಿತ್ತು. ನಾನು ತಲೆಯಾಡಿಸಿದೆ. ಇಲ್ಲ ಅನ್ನಲಿಲ್ಲ, ಹೌದು ಅಂತಲೂ ಅನ್ನಲಿಲ್ಲ, ತಲೆಯಾಡಿಸಿದೆ. ಕುತ್ತಿಗೆಗೆ ನಾಲಿಗೆಗಿಂತ ಕಡಿಮೆ ಪಾಪ ಹತ್ತುತ್ತದೆ ಎಂದು ಯಾರು ನನಗೆ ಹೇಳಿಕೊಟ್ಟರೋ.

ಮದುವೆಗೆ ಹೇಳಿದ್ದ ರೊಟ್ಟಿ ಬೇಡವೆಂದರು. ದಿನವೂ ರೊಟ್ಟಿ ಒಯ್ಯುತ್ತಿದ್ದ ವರ್ತನೆಯವರು ಬಿಟ್ಟರು. ಒಂದು ಸಂಜೆ ಅವಳೇ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

"ಅಣ್ಣಾರ, ನಾ ಅಂಥಾಕಿ ಏನ್ರಿ? ನೀವರ ಒಂದು ಮಾತು ಹೇಳ್ರಿ. ನೀವು ಹೇಳಿದ್ರ ಓಣಿ ಕೇಳ್ತೈತಿ. ರೊಟ್ಟಿ ನಿಂತ್ರ ನಾ ಏನು ಮಾಡ್ಲಿ?"

ಬೂದ್ಯಾ ಓಡಿಹೋಗಿ ಅವಳ ಕೈ ನೆಕ್ಕಿತು. ಆಗ ತಾನೇ ನಾವು ವಾಕಿಂಗ್ ಮುಗಿಸಿ ಬಂದಿದ್ದೆವು. ಅದರ ಬಾಯಿಂದ ತತ್ತಿಯ ವಾಸನೆ ಬರುತ್ತಿತ್ತು. ಅವಳು ಅದರ ತಲೆ ಸವರಿದಳೇ ಹೊರತು ಮೂಸಲಿಲ್ಲ.

"ದೇವ್ರು ನೋಡ್ತಾನ ಬಿಡವಾ" ಎಂದೆ. ದೇವರು ನೋಡಿದ್ದ ನಿಜ. ಅವನ ಪರ ಸಾಕ್ಷಿ ಹೇಳಬೇಕಾಗಿದ್ದ ಬಾಯಿ ಮಾತ್ರ ನನ್ನದೇ ಆಗಿತ್ತು.

ಅದೇ ವಾರ ನನ್ನ ಹೆಂಡತಿ ಅಂಗಿ ಒಗೆಯುವಾಗ ಕಿಸೆಯಲ್ಲಿ ಸಿಪ್ಪೆಯ ಚೂರು ಹಿಡಿದಳು. ನಾನು ಎಲ್ಲ ಮುಗಿಯಿತೆಂದುಕೊಂಡೆ, ಸ್ವಲ್ಪ ಹಗುರವೂ ಆಯಿತು. ಅವಳು ಬಾಗಿಲು ಹಾಕಿ, ಕಣ್ಣೀರು ತಂದುಕೊಂಡು, ಮೆಲ್ಲಗೆ ಅಂದಳು: "ನಿಮ್ಮ ನಾಲಿಗಿ ಕೇಳವಲ್ದು ಅಂದ್ರ ನೀವು ತಿನ್ರಿ. ನಾ ಯಾರಿಗೂ ಹೇಳಂಗಿಲ್ಲ. ಆದ್ರ ನಿಮ್ಮ ಕಾಲ್ ಬೀಳ್ತೇನಿ, ಬೂದ್ಯಾನ ಮುಂದ ತಿನ್ನಬ್ಯಾಡ್ರಿ. ಅದು ಸಾತ್ವಿಕ ಐತಿ, ಕಲಿತುಬಿಡ್ತೈತಿ."

ಓದುಗರೇ, ಆಗ ನಾನು ಬಾಯಿ ಬಿಡಬೇಕಿತ್ತು. "ಹಂಗಾರ ಪಾಪ, ಆಕಿ...?" ಎಂದು ಗೋಡೆಯ ಕಡೆ ಕೈ ತೋರಿಸಿದೆ, ಅಷ್ಟೇ. ಹೆಂಡತಿ ಅಂಗಿಯ ಕಿಸೆಯನ್ನು ಇನ್ನೊಮ್ಮೆ ಝಾಡಿಸಿ, "ಹೊರಗ ಗೊತ್ತಾದ್ರ ನಮ್ಮ ಮನಿ ಹೆಸರು, ಬೂದ್ಯಾನ ಹೆಸರು ಏನಾಗ್ಬೇಕು?" ಎಂದಳು. ಆ ಕೋಣೆಯಲ್ಲಿ ನಾಯಿಯ ಮಾನಕ್ಕೆ ಇಬ್ಬರು ವಕೀಲರಿದ್ದೆವು, ರೊಟ್ಟಿ ಅಕ್ಕನ ಮಾನಕ್ಕೆ ಒಬ್ಬರೂ ಇರಲಿಲ್ಲ. ಇನ್ನು ಮುಂದೆ ತತ್ತಿ ತಿನ್ನುವುದಿಲ್ಲವೆಂದು ದೇವರ ಜಗಲಿಯ ಮುಂದೆ ನನ್ನಿಂದ ಆಣೆ ಮಾಡಿಸಿದಳು. ಎಂದೂ ಬಾಯಿಗಿಡದ ವಸ್ತುವನ್ನು ಬಿಟ್ಟೆ. ಜೀವನದಲ್ಲಿ ನಾನು ಮುರಿಯದೆ ಉಳಿಸಿಕೊಂಡ ಆಣೆ ಅದೊಂದೇ.

ಬೂದ್ಯಾ ಆಣೆ ಮಾಡಿರಲಿಲ್ಲವಾದ್ದರಿಂದ ವಾಕಿಂಗ್ ಮುಂದುವರಿಯಿತು. ಅಂದಿನಿಂದ ಗಾಡಿಯವನೇ ಸುಲಿದು ಕೊಡತೊಡಗಿದ. ಸಿಪ್ಪೆ ಅವನ ಬುಟ್ಟಿಯಲ್ಲೇ ಉಳಿಯಿತು. ಎಷ್ಟು ಸುಲಭ! ಇದು ಮೊದಲ ದಿನವೇ ಹೊಳೆದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ, ಆ ಹೆಣ್ಣುಮಗಳು ಹಂಚು, ಹಿಟ್ಟು ನಾದುವ ಕೊಣಮಿಗೆ ಕಟ್ಟಿಕೊಂಡು ಚೊಳಚಗುಡ್ಡಕ್ಕೆ ಹೋಗುತ್ತಲೂ ಇರಲಿಲ್ಲ.

ಹೋದ ಚಳಿಗಾಲದಲ್ಲಿ ಧೈರ್ಯ ಮಾಡಿ ಹೊರಟೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ಕೊಂಡೆ. ತಪ್ಪೊಪ್ಪಿಕೊಳ್ಳಲು ಬರಿಗೈಲಿ ಹೋಗಬಾರದಲ್ಲ. ಬನಶಂಕರಿ ಗುಡಿಯ ಮುಂದೆ ತಂಗಿಯ ಪಕ್ಕದಲ್ಲಿ ಅವಳೂ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಕೂರಿಸಿ ರೊಟ್ಟಿ ಹಾಕಿದಳು, ಮೇಲೆ ಎಣ್ಣೆಗಾಯಿ, ಮೊಸರು. ಮೊದಲು ಕೇಳಿದ್ದು ನಾಯಿಯನ್ನು.

"ಬೂದ್ಯಾ ಹ್ಯಾಂಗ ಅದಾನ್ರಿ ಅಣ್ಣಾರ?"

"ಮುದುಕ ಆಗ್ಯಾನವಾ. ಹಲ್ಲು ಹೋಗ್ಯಾವು. ಈಗ ಹಾಲಾಗ ನೆನಸಿದ ರೊಟ್ಟಿ ಬಿಟ್ರ ಏನೂ ಮುಟ್ಟಂಗಿಲ್ಲ." ಬೂದ್ಯಾನ ಬಗ್ಗೆ ನಾನು ಹೇಳಿದ ಮೊದಲ ನಿಜ ಅದು. ಲೋಕದಲ್ಲಿ ಎಷ್ಟೋ ವೈರಾಗ್ಯಗಳು ಹಲ್ಲಿನ ಕಡೆಯಿಂದಲೇ ಬಂದಿರುತ್ತವೆ.

"ನಾ ತಂದುಕೊಟ್ಟ ನಾಯಿ ಅಲ್ಲೇನ್ರಿ, ಹುಸಿ ಹೋಗಂಗಿಲ್ಲ" ಎಂದು ನಕ್ಕಳು. ನಾನು ಕರದಂಟಿನ ಪೊಟ್ಟಣ ಮುಂದೆ ಸರಿಸಿದೆ. ಮಾತು ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಅವಳೇ ದನಿ ತಗ್ಗಿಸಿ ಅಂದಳು: "ಅಣ್ಣಾರ, ಆ ಸಿಪ್ಪಿ ಯಾರವು ಅಂತ ಇವತ್ತಿಗೂ ತಿಳಿವಲ್ದು. ಮನ್ಯಾಗ ನಾ ಒಬ್ಬಾಕಿ. ಒಂದೊಂದ್ಸಲ ನನ್ನ ಮ್ಯಾಲ ನನಗ ಸಂಶೆ ಬರ್ತೈತ್ರಿ. ನಿದ್ದಿಗಣ್ಣಾಗ ಎದ್ದು ಹೋಗಿ ನಾನ ತಿಂದು ಬರ್ತಿದ್ನೋ ಏನೋ."

ನಾನು ಇನ್ನೊಂದು ರೊಟ್ಟಿ ಕೇಳಿದೆ. ನಂಬಿ, ಅಷ್ಟೇ ಮಾಡಿದ್ದು. ಹೊಟ್ಟೆ ತುಂಬಿತ್ತು, ಆದರೂ ಇನ್ನೊಂದು ರೊಟ್ಟಿ ಕೇಳಿದೆ.

ಬಸ್ಸಿನಲ್ಲಿ ಬರುತ್ತ, ಅವಳಿಗೆ ಅಲ್ಲಿ ವ್ಯಾಪಾರ ಚೆನ್ನಾಗಿದೆಯಲ್ಲ, ತಂಗಿಯ ಜೊತೆಯೂ ಸಿಕ್ಕಿತಲ್ಲ, ಒಂದು ಲೆಕ್ಕದಲ್ಲಿ ನಾನು ಉಪಕಾರವನ್ನೇ ಮಾಡಿದೆನಲ್ಲ ಎಂದು ಮನಸ್ಸು ಸಮಾಧಾನ ಹೇಳತೊಡಗಿತು. ಗುಳೇದಗುಡ್ಡ ದಾಟುವವರೆಗೂ ಒಪ್ಪಿಕೊಂಡೆ. ಆಮೇಲೆ ಅನ್ನಿಸಿತು: ಉಪಕಾರ ಮಾಡಿದವನು ತನ್ನ ಹೆಸರು ಹೇಳಲು ಇಷ್ಟು ಹೆದರುವುದಿಲ್ಲ.

ಇದನ್ನು ಓದಿದ ಮೇಲೆ ನನ್ನ ಹೆಂಡತಿಗೆ ಗಂಡನ ಶುದ್ಧಿ ತಿಳಿದು ಸಂತೋಷವಾಗುತ್ತದೋ, ನಾಯಿಯ ಶುದ್ಧಿ ಹೋಗಿ ದುಃಖವಾಗುತ್ತದೋ ನಾನು ಹೇಳಲಾರೆ. ದುಃಖವೇ ಹೆಚ್ಚೆಂದು ನನ್ನ ಅಂದಾಜು. ಇರಲಿ. ಓಣಿಯವರಿಗೆ ಹೇಳಬೇಕಾದದ್ದು ಇಷ್ಟೇ: ಅವು ನನ್ನ ಸಿಪ್ಪೆಗಳು. ನೀವು ರೊಟ್ಟಿ ಅಕ್ಕ ಎಂದು ಕರೆದು, ಆಮೇಲೆ ಕರೆಯುವುದನ್ನೇ ಬಿಟ್ಟ ಹೆಣ್ಣುಮಗಳಿಗೆ ಒಂದು ಹೆಸರಿತ್ತು. ಒಂದೇ ಗೋಡೆಯ ಈಚೆಗೆ ಅಷ್ಟು ವರ್ಷ ಬಾಳಿದ ನಾನೂ ಆ ಹೆಸರು ಹಿಡಿದು ಬಾಯಿ ತುಂಬ ಕರೆದವನಲ್ಲ.

ನೀಲವ್ವಾ, ನೀ ನಿದ್ದಿಗಣ್ಣಾಗ ಸೈತ ಏನೂ ತಿಂದಿಲ್ಲ.