ಊರೆಲ್ಲ ಹುಟ್ಟಿದ ಕಟ್ಟಡ

ಅವಳಿಗೆ ಗೆರೆಯಕ್ಕ ಎಂಬ ಅಡ್ಡಹೆಸರು ಬಿದ್ದದ್ದು ಶಾಲೆಗೆ ಸೇರುವ ಮೊದಲೇ. ಅಪ್ಪ ದರ್ಜಿ. ಬಟ್ಟೆಗೆ ಗುರುತು ಹಾಕುವ ಅವನ ಸೀಮೆಸುಣ್ಣ ಎಗರಿಸಿ, ಅಂಗಡಿಯ ನೆಲದ ಮೇಲೆ ಎದುರುಮನೆಯ ಬಾಗಿಲು, ಮೂಲೆಮನೆಯ ಮೆಟ್ಟಿಲು, ಬೀದಿಯ ತುದಿಯ ಕಮಾನು ಎಲ್ಲವನ್ನೂ ಬರೆದಿಡುತ್ತಿದ್ದಳು. ಗಿರಾಕಿಗಳು ಚಿತ್ರ ತುಳಿಯದಂತೆ ಕಾಲೆತ್ತಿ ಕಾಲೆತ್ತಿ ಇಡಬೇಕಾಗುತ್ತಿತ್ತು.

"ನಿಮ್ಮ ಮಗಳು ಇಲ್ಲೊಂದು ಊರೇ ಕಟ್ಟಿಬಿಟ್ಟಿದ್ದಾಳಲ್ರೀ, ನಾವು ನಿಲ್ಲೋದೆಲ್ಲಿ?" ಎಂದು ಅವರು ನಗುತ್ತಿದ್ದರು.

"ಬೀದೀಲಿ ನಿಂತ್ಕೊಳ್ಳಿ, ಅದನ್ನ ಅಗಲವಾಗೇ ಬರೆದಿದ್ದಾಳೆ" ಎನ್ನುತ್ತಿದ್ದ ಅಪ್ಪ.

ಬೆಳೆದು ಕಟ್ಟಡಗಳ ವಿನ್ಯಾಸ ಓದಿದಳು. ಜೊತೆಗೆ ಬಣ್ಣದ ಹುಚ್ಚನ್ನೂ ಬಿಡಲಿಲ್ಲ. ಮದುವೆಯಾದದ್ದು ಅದೇ ಊರಿನ ಹಲ್ಲಿನ ಡಾಕ್ಟರನ್ನು. ಮಾವ ಆಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆಯದೇ ಮಾತು, ಅತ್ತೆಯದೇ ಕೊನೆಯ ಮಾತು.

ಕೆಲಸಕ್ಕಿದ್ದ ಕಚೇರಿಯಲ್ಲಿ ಅವಳ ಕೈಗೆ ಬಂದ ಮೊದಲ ದೊಡ್ಡ ಕೆಲಸವೆಂದರೆ ಹಳೆಯ ಹೆರಿಗೆ ಆಸ್ಪತ್ರೆಯದು. ಆಸ್ಪತ್ರೆ ಹೊಸ ಜಾಗಕ್ಕೆ ಹೋಗಿ ವರ್ಷಗಳಾಗಿದ್ದವು. ಹಳೆಯದನ್ನು ಕೆಡವಿ ಅಲ್ಲಿ ಅಂಗಡಿ ಮಳಿಗೆ ಕಟ್ಟಿಸಬೇಕೆಂದು ಪುರಸಭೆ ತೀರ್ಮಾನಿಸಿತ್ತು. ಹೊಸ ಮಳಿಗೆಯ ನಕ್ಷೆ ಇವಳು ಮಾಡಬೇಕು. ಅದಕ್ಕೆ ಮೊದಲು ಹಳೆಯ ಕಟ್ಟಡದ ಅಳತೆ ತರಬೇಕು.

ಟೇಪು ಹಿಡಿದು ಹೋದವಳಿಗೆ ಒಂದು ವಿಷಯ ಅರ್ಥವಾಗಲಿಲ್ಲ. ಕಿಟಕಿಗಳೆಲ್ಲ ಇರಬೇಕಾದ ಎತ್ತರಕ್ಕಿಂತ ಬಹಳ ಕೆಳಗಿದ್ದವು. ಕಟ್ಟಿದವರಿಗೆ ತಲೆ ಕೆಟ್ಟಿತ್ತೇ? ಸುಸ್ತಾಗಿ, ಅಲ್ಲೇ ಉಳಿದಿದ್ದ ತುಕ್ಕು ಹಿಡಿದ ಕಬ್ಬಿಣದ ಮಂಚದ ಮೇಲೆ ಮೈ ಚಾಚಿದಳು. ತಲೆ ಹೊರಳಿಸಿದರೆ ಕಿಟಕಿಯ ತುಂಬ ಮರ! ಕೊಂಬೆ, ಅದರ ಮೇಲೊಂದು ಅಳಿಲು, ಆಚೆಗೊಂದು ತುಂಡು ಆಕಾಶ. ಮಲಗಿದವಳ ಕಣ್ಣಿಗೆಂದೇ ಯಾರೋ ಆ ಕಿಟಕಿ ಇಟ್ಟಿದ್ದರು. ಎದ್ದು ಮತ್ತೆ ನೋಡಿದಳು. ಗೋಡೆಯ ಮೂಲೆಗಳನ್ನು ಕಸ ನಿಲ್ಲದಂತೆ ದುಂಡಗೆ ತಿದ್ದಿದ್ದರು. ತುಂಬು ಬಸುರಿಯರು ಹತ್ತಬೇಕೆಂದು ಬಾಗಿಲಲ್ಲಿ ಮೆಟ್ಟಿಲಿನ ಬದಲು ಇಳಿಜಾರು ಮಾಡಿದ್ದರು.

ಬೆನ್ನಿಗೆಲ್ಲ ಧೂಳು ಮೆತ್ತಿಕೊಂಡು ಕಚೇರಿಗೆ ಮರಳಿ, ಇದನ್ನು ಕೆಡವಬಾರದು, ರಿಪೇರಿ ಮಾಡಬಹುದು ಎಂದಳು. ಯಜಮಾನರು ಕನ್ನಡಕ ಇಳಿಸಿ ನೋಡಿದರು.

"ಅಳತೆ ತಗೊಂಡು ಬಾ ಅಂದ್ರೆ ಮಲಗೆದ್ದು ಬಂದಿದ್ದೀಯಲ್ಲಮ್ಮ!"

ಮಾತಿಗೆ ಮಾತು ಬೆಳೆದು, ವಾರ ಕಳೆಯುವುದರೊಳಗೆ ಅವಳು ಕೆಲಸ ಬಿಟ್ಟಳು. ಅತ್ತೆ ಸೊಸೆಯ ಮುಖ ನೋಡದೆ ಪಾತ್ರೆಗಳ ಜೊತೆ ಮಾತಾಡಿದರು. "ಮನೆಗೆ ಮಾರಿ, ಊರಿಗೆ ಉಪಕಾರಿ!"

ಗಂಡ ಮಾತ್ರ, "ಅಲುಗಾಡಿದ ಹಲ್ಲನ್ನೆಲ್ಲ ಕೀಳ್ತಾ ಹೋದ್ರೆ ನಾನು ಡಾಕ್ಟರಲ್ಲ, ಬರೀ ಇಕ್ಕಳ. ನೀನು ಮಾಡಿದ್ದು ಸರಿ" ಎಂದ.

ಕೆಡವಲು ಇನ್ನೂ ಕೆಲವು ತಿಂಗಳಿದ್ದವು. ಗೆರೆಯಕ್ಕ ದಿನವೂ ಬೆಳಗ್ಗೆ ಅಲ್ಲಿಗೆ ಹೋಗಿ ಚಿತ್ರ ಬರೆದಳು: ಮಧ್ಯಾಹ್ನದ ಬಿಸಿಲು ಬಿದ್ದ ಮೊಗಸಾಲೆ, ತೊಟ್ಟಿಲು ತೂಗುಹಾಕುತ್ತಿದ್ದ ಕೊಕ್ಕೆಗಳು, ಒಂದೊಂದು ಕಿಟಕಿ, ಅದರಾಚೆಯ ಮರ. ಕೊನೆಗೆ ಪುರಸಭೆಯವರನ್ನು ಕಾಡಿ ಬೇಡಿ, ಎಲ್ಲವನ್ನೂ ಅದೇ ಮೊಗಸಾಲೆಯಲ್ಲಿ ತೂಗುಹಾಕಿದಳು. ಬಾಗಿಲಲ್ಲಿ ಒಂದೇ ಸಾಲು ಬರೆದಿಟ್ಟಳು: 'ನೀವು ಹುಟ್ಟಿದ ಕೋಣೆ ನೋಡಿ ಹೋಗಿ.'

ನೆಂಟರ ಮನೆಗೆ ಬಂದಂತೆ ಜನ ಬಂದರು. ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ಒಳಗೆ ನಡೆದರು. "ನಿಮ್ಮಪ್ಪ ಇಲ್ಲೇ ಹುಟ್ಟಿದ್ದು, ಈ ಮೂಲೇಲಿ", "ಅಲ್ಲ ಕಣೇ, ಆ ಮೂಲೇಲಿ" ಎಂಬ ಜಗಳಗಳೂ ಆದವು. ಮೂರನೆಯ ದಿನ ಪುರಸಭೆಯ ಅಧ್ಯಕ್ಷರು ಬಂದರು, ತಾವಾಗಿ ಅಲ್ಲ, ಕೋಲೂರಿಕೊಂಡು ಹೊರಟ ಅವರ ತಾಯಿಯ ಹಿಂದೆ. ಮುದುಕಿ ಒಂದು ಚಿತ್ರದ ಮುಂದೆ ನಿಂತವರು ಕದಲಲಿಲ್ಲ.

"ಈ ಕಿಟಕೀಲೇ ಕಣೋ ನಾನು ಮರ ನೋಡ್ತಾ ಬಿದ್ದಿದ್ದು. ಎರಡು ದಿನ ಸತಾಯಿಸಿದೆ ನೀನು. ಈಗ ಸಭೆಗೆಲ್ಲ ತಡವಾಗಿ ಹೋಗ್ತೀಯಲ್ಲ, ಆ ಬುದ್ಧಿ ಅವತ್ತಿಂದಾನೇ. ಇದನ್ನ ಕೆಡವ್ತೀನಿ ಅಂತ ಯಾವ ಬಾಯಲ್ಲಿ ಹೇಳ್ದೆ?"

ಸುತ್ತಲಿದ್ದವರು ಗೊಳ್ಳೆಂದರು. ಅಧ್ಯಕ್ಷರೂ ಬೇರೆ ದಾರಿಯಿಲ್ಲದೆ ನಕ್ಕರು. ಹೋಗುವಾಗ ಗೆರೆಯಕ್ಕನ ಬಳಿ ಬಂದು, "ರಿಪೇರಿ ಅಂದ್ರಲ್ಲ, ಅದರ ನಕ್ಷೆ ಇದೆಯಾ?" ಎಂದು ಮೆಲ್ಲಗೆ ಕೇಳಿದರು. ನಕ್ಷೆ ಅವಳ ಚೀಲದಲ್ಲೇ ಇತ್ತು.

ರಿಪೇರಿ ಸುಲಭವಾಗಿರಲಿಲ್ಲ. ಹಿಂದೆ ಯಾರೋ ಬಳಿದ ಸಿಮೆಂಟಿನ ಕೆಳಗೆ ಗೋಡೆ ಉಸಿರಾಡಲಾರದೆ ತೇವ ಹಿಡಿದಿತ್ತು. ಅದನ್ನೆಲ್ಲ ಕೆತ್ತಿ ತೆಗೆಸಿ ಸುಣ್ಣದ ಗಾರೆ ಹಾಕಿಸಿದಳು. ದೊಡ್ಡ ಜಟಾಪಟಿಯಾದದ್ದು ಮಾತ್ರ ಮನೆಯಲ್ಲೇ. ಕಟ್ಟಡದ ಹಿಂಬದಿಗೆ ಒಂದು ತಗಡಿನ ಚಾವಡಿ ಅಂಟಿಕೊಂಡಿತ್ತು. ಆಮೇಲೆ ಸೇರಿಸಿದ್ದು, ನೋಡಲು ವಿಕಾರ. ಅದನ್ನು ಕಿತ್ತುಹಾಕಿಸುತ್ತೇನೆ ಎಂದು ಅವಳು ಊಟಕ್ಕೆ ಕೂತಾಗ ಹೇಳಿದಳು. ಅತ್ತೆ ಸೌಟು ಕೆಳಗಿಟ್ಟರು.

"ಅದು ಗಂಡಸರು ಕಾಯೋ ಜಾಗ. ನಿನ್ನ ಗಂಡ ಹುಟ್ಟೋವಾಗ ನಿಮ್ಮ ಮಾವ ಅಲ್ಲೇ ಅತ್ತಿಂದಿತ್ತ ತಿರುಗಿದ್ದು. ನಾನು ಒಳಗಿಂದ ಅವರ ಚಪ್ಪಲಿ ಸದ್ದು ಕೇಳ್ತಾ ಧೈರ್ಯ ತಗೊಂಡೆ. ಹೆಂಗಸರ ಕಿಟಕಿ ಉಳಿಸ್ತೀಯ, ಗಂಡಸರ ಚಾವಡಿ ಬೇಡ್ವಾ?"

"ಅದು ಅಂದವಾಗಿಲ್ಲ ಅತ್ತೆ."

"ನಿಮ್ಮ ಮಾವನೂ ಅಂದವಾಗಿರಲಿಲ್ಲ ಬಿಡು."

ಗಂಡ ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿಸಿಕೊಂಡ. ಗೆರೆಯಕ್ಕನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಕೆಡವುವವರ ಜೊತೆ ಅಷ್ಟು ಹೋರಾಡಿದ ತಾನೂ ಗುದ್ದಲಿ ಎತ್ತಿಕೊಂಡಿದ್ದೆನಲ್ಲ ಎನಿಸಿತು. ಮರುದಿನ ಚಾವಡಿಗೆ ಹೊಸ ತಗಡು ಹೊದಿಸಿ, ಒರಗಿ ಕೂರಲು ಉದ್ದ ಬೆಂಚು ಹಾಕಿಸಿದಳು. ಅಲ್ಲಿಂದಾಚೆ ಯಾವ ಕಟ್ಟಡಕ್ಕೆ ಕೈ ಹಾಕಿದರೂ, 'ಇಲ್ಲಿ ಯಾರು ಕಾದಿದ್ದರು?' ಎಂದು ಮೊದಲು ಕೇಳಿಕೊಳ್ಳುವುದು ಅವಳ ರೂಢಿಯಾಯಿತು.

ಈಗ ಆ ಕಟ್ಟಡದ ಒಂದು ಕಡೆ ಮಕ್ಕಳಿಗೆ ಲಸಿಕೆ ಹಾಕುತ್ತಾರೆ, ಇನ್ನೊಂದು ಕಡೆ ವಾಚನಾಲಯವಿದೆ. ಕಿಟಕಿ ತಗ್ಗಿನಲ್ಲಿರುವುದರಿಂದ ಚಿಕ್ಕ ಮಕ್ಕಳೂ ಹೊರಗೆ ಇಣುಕುತ್ತಾರೆ, ಸೂಜಿ ಮರೆಯುತ್ತಾರೆ.

ಅವಳು ಕೈ ಹಾಕಿದ್ದೆಲ್ಲ ಉಳಿಯಲಿಲ್ಲ. ಹಳೆಯ ಚಿತ್ರಮಂದಿರ ಹೋಯಿತು, ನದಿಯ ಪಕ್ಕದ ಗಿರಣಿ ಹೋಯಿತು. ಹೋಗುವ ಮೊದಲು ಅವುಗಳ ಚಿತ್ರ ಬರೆದುಕೊಂಡಳು, ಎರಡು ದಿನ ಮಂಕಾಗಿದ್ದಳು, ಮತ್ತೆ ಎದ್ದಳು. ಅಂಚೆಕಚೇರಿ ಉಳಿಯಿತು, ಪ್ರೌಢಶಾಲೆಯ ಮರದ ಮೆಟ್ಟಿಲು ಉಳಿಯಿತು.

ಕೂದಲು ನೆರೆತಿದೆ, ಮಂಡಿ ಹಿಡಿಯುತ್ತದೆ. ಆದರೂ ಅಟ್ಟಣಿಗೆ ಹತ್ತುವುದನ್ನು ಬಿಟ್ಟಿಲ್ಲ. ಮೊನ್ನೆ ಸೇತುವೆಯ ಪಕ್ಕದ ಹಳೆಯ ಕಾವಲುಮನೆಯ ಕೆಲಸ ಶುರುವಾಯಿತು. ಗಂಡ ಕ್ಲಿನಿಕ್ ಮುಚ್ಚಿ ಊಟದ ಡಬ್ಬಿ ಹಿಡಿದು ಬಂದ. ಅವಳು ಅಟ್ಟಣಿಗೆಯ ಮೇಲೆ ಸುಣ್ಣ ಮೆತ್ತಿದ ಕೈಯಲ್ಲೇ ಗಾರೆಯವನ ಜೊತೆ ವಾದಕ್ಕೆ ನಿಂತಿದ್ದಳು.

"ಇಳಿದು ಬಾ, ಊಟ ಆರಿಹೋಗುತ್ತೆ" ಎಂದು ಕೂಗಿದ.

"ನೀವೇ ಹತ್ತಿ ಬನ್ನಿ, ಇಲ್ಲಿಂದ ನದಿ ಎಷ್ಟು ಚೆನ್ನಾಗಿ ಕಾಣುತ್ತೆ ನೋಡಿ" ಎಂದಳು.

ಹಲ್ಲಿನ ಡಾಕ್ಟರ್ ಗೊಣಗುತ್ತ, ಡಬ್ಬಿಯ ಹಿಡಿಯನ್ನು ಬಾಯಲ್ಲಿ ಕಚ್ಚಿಕೊಂಡು ಏಣಿ ಹತ್ತಿದ.