ಅತ್ತಿಗೆಯ ಹನ್ನೆರಡು ಬಾಟಲಿ

ನನ್ನ ಅತ್ತಿಗೆ ಶೇಷಮ್ಮನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ದೇವಪ್ಪ ಏನೋ ಮುಚ್ಚಿಟ್ಟ ಅಂತ ಯಾರೂ ಅನ್ನಬಾರದು. ಮೂವತ್ತು ವರ್ಷದಿಂದ ಬಾಳಗಡಿಯ ಕಾಲೇಜು ರಸ್ತೆಯಲ್ಲಿ ಒಂದೇ ಸೂರಿನ ಕೆಳಗೆ ಇದ್ದೇವೆ, ನಡುವೆ ಒಂದು ಗೋಡೆ. ಆ ಗೋಡೆ ಬೇಕು ಅಂತ ಇಬ್ಬರೂ ಒಪ್ಪಿದ್ದೆವು. ನಾವು ಒಪ್ಪಿದ ಸಂಗತಿ ಅದೊಂದೇ.

ಅವರು ಕೆರೆಕಟ್ಟೆ ಕಡೆಯವರು. ಕಾಡಿನ ಅಂಚಿನ ಊರು, ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹತ್ತೊಂಬತ್ತನೇ ವಯಸ್ಸಿಗೆ ನನ್ನ ಅಣ್ಣನ ಕೈ ಹಿಡಿದು ಇಲ್ಲಿಗೆ ಬಂದರು. ಮರುವರ್ಷವೇ ಕೊಪ್ಪದ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿ, ರಿಟೈರ್ ಆಗುವವರೆಗೂ ನೂರಾರು ಹುಡುಗರಿಗೆ ಸಾರು ಕುದಿಸಿದರು. ನೆಂದ ಅಕ್ಕಿ ಬಂದರೆ ಇಳಿಸಿದ ಮೂಟೆಯನ್ನು ಮತ್ತೆ ಲಾರಿಗೇ ಹೇರಿಸುತ್ತಿದ್ದರಂತೆ. ಅವರ ಬಾಯಿಗೆ ಹೆದರದ ವಾರ್ಡನ್ ಬರಲೇ ಇಲ್ಲ.

ಆ ಬಾಯಿ ನನ್ನನ್ನೂ ಬಿಡಲಿಲ್ಲ. ನನಗೆ ಹೆಣ್ಣು ನೋಡಲು ನರಸಿಂಹರಾಜಪುರಕ್ಕೆ ಹೋದಾಗ ಹುಡುಗಿಯ ಅಪ್ಪ, "ಹುಡುಗ ಎಂತ ಮಾಡ್ಕಂಡಿದಾನೆ?" ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ತಿಗೆ, "ಎಂತದೂ ಇಲ್ಲ ಮಾರಾಯ್ರೆ. ಮಾತಾಡ್ತಾನೆ" ಅಂದರು. ಅಲ್ಲಿದ್ದವರೆಲ್ಲ ನಕ್ಕರು. ಬಾಗಿಲ ಹಿಂದೆ ನಿಂತಿದ್ದ ತುಂಗಾ ಕೂಡ ನಕ್ಕಳು. ಅವಳು ನನ್ನನ್ನು ಒಪ್ಪಿದಳು, ನಾನು ಮಿಕ್ಸಿ ರಿಪೇರಿ ಕಲಿತು ಅಂಗಡಿ ಹಾಕಿದೆ, ಎಲ್ಲಾ ಆಯಿತು. ಆದರೆ ಆ ಮಾತು ನಿಜವಾಗಿತ್ತಲ್ಲ, ಅದಕ್ಕೇ ನನಗೆ ಮರೆಯಲು ಆಗಲಿಲ್ಲ.

ಅಣ್ಣ ಬಾಳೆಹೊನ್ನೂರಿನ ಆಚೆ ಒಂದು ಕಾಫಿ ಎಸ್ಟೇಟ್ ಬಂಗಲೆಯಲ್ಲಿ ಬಟ್ಲರ್ ಆಗಿದ್ದ. ವೈನ್ ಮಾಡುವುದನ್ನು ಅಲ್ಲಿ ಕಲಿತ, ಇಡುವುದನ್ನೂ ಅಲ್ಲೇ ಕಲಿತ. ಪ್ರತಿ ವರ್ಷ ನೇರಳೆ ಹಣ್ಣು ಉದುರುವ ಹೊತ್ತಿಗೆ ಅವನ ಕೈ, ಅಂಗಿ, ಉಗುರು ಎಲ್ಲ ನೇರಳೆ ಬಣ್ಣ. 2017ರಲ್ಲಿ ಹದಿನೆಂಟು ಬಾಟಲಿ ತುಂಬಿದ. ಬಂಗಲೆಯಿಂದ ತಂದ ಖಾಲಿ ಬಾಟಲಿಗಳು, ಬಾಯಿಗೆ ಕಾರ್ಕಿನ ಬಿರಡೆ, ಅದರ ಮೇಲೆ ಜೇನುಮೇಣ. ದೀಪಾವಳಿಗೆ ಮೊದಲು ಎದೆನೋವು ಅಂತ ಜಗುಲಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಆ ಬ್ಯಾಚಿನ ಒಂದು ಗುಟುಕನ್ನೂ ಅವನು ಕುಡಿದಿರಲಿಲ್ಲ.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರು ಬದುಕಿದ್ದಾಗ ಇಷ್ಟಪಟ್ಟದ್ದೆಲ್ಲ ಬಾಳೆಲೆಯ ಮೇಲೆ ಇರಬೇಕು: ಕೋಳಿಸಾರು, ಕಡುಬು, ಬೀಡಿ, ಕುಡಿಯುತ್ತಿದ್ದವರಾದರೆ ಒಂದು ಲೋಟ. ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ. ಆಮೇಲೆ ಎಡೆಯಲ್ಲಿದ್ದದ್ದನ್ನು ಮನೆಯವರೇ ಮುಗಿಸಬೇಕು, ಚೆಲ್ಲುವ ಹಾಗಿಲ್ಲ. ಅಣ್ಣನಿಗೆ ಇರುವುದು ಸಿರಿ ಅಂತ ಒಬ್ಬಳೇ ಮಗಳು. ಹಾಗಾಗಿ ತಮ್ಮನಾದ ನಾನೇ ಎಡೆ ಇಡುವವನು.

ಅಣ್ಣನ ಮೊದಲ ಎಡೆಯ ದಿನ ಅತ್ತಿಗೆ ಹಿಂದಿನ ಕೋಣೆಯಿಂದ ಒಂದು ಬಾಟಲಿ ತಂದರು. "ವರ್ಷಕ್ಕೆ ಒಂದು. ಹದಿನೆಂಟು ವರ್ಷ ಅವ್ರ ಕೈಯದ್ದೇ ಅವ್ರಿಗೆ ಇಡ್ತೀನಿ. ಆಮೇಲೆ ನಾನೇ ಅವ್ರ ಹತ್ರ ಹೋಗಿ ಹ್ಯಾಂಗಿತ್ತು ಅಂತ ಕೇಳ್ಕಂತೀನಿ" ಅಂದರು. ಬೇರೆ ಯಾರಾದರೂ ಹೇಳಿದ್ದರೆ ನನ್ನ ಕಣ್ಣು ಒದ್ದೆಯಾಗುತ್ತಿತ್ತು. ಬಾಗಿಲು ತೆಗೆದ ಮೇಲೆ ಎಡೆಯ ಲೋಟ ನನ್ನ ಕೈಗೆ ಬಂತು. ಒಗರು ಹೋಗಿ, ಸಿಹಿ ಹದವಾಗಿ ಇಳಿದಿತ್ತು. ಆರು ವರ್ಷ ಆರು ಲೋಟ ಕುಡಿದೆ, ವರ್ಷ ಹೋದ ಹಾಗೆ ರುಚಿ ಏರುತ್ತಲೇ ಹೋಯಿತು. ಆ ಹೆಂಗಸಿನ ಮನೆಯಲ್ಲಿ ನಾನು ಸಂತೋಷದಿಂದ ಮುಟ್ಟಿದ್ದು ಅದೊಂದನ್ನೇ.

2024ರ ಮಳೆಗಾಲಕ್ಕೆ ಮೊದಲು ಅತ್ತಿಗೆಯ ಎರಡೂ ಮೊಣಕಾಲಿಗೆ ಆಪರೇಷನ್ ಆಯಿತು, ಒಂದಾದ ಮೇಲೊಂದು. ನರಸಿಂಹರಾಜಪುರದಲ್ಲಿ ಸಿರಿಯ ಮನೆಯಲ್ಲಿ ನಾಲ್ಕು ತಿಂಗಳು ಉಳಿದರು. ಹೊರಡುವಾಗ ಬೀಗದ ಕೈ ತುಂಗಾಳಿಗೆ ಕೊಟ್ಟು, "ದೇವರಿಗೆ ದೀಪ ಹಚ್ಚು. ಮತ್ತೆಂತದೂ ಮುಟ್ಟದು ಬ್ಯಾಡ" ಅಂದರು. ಹೇಳಿದ್ದು ಅವಳಿಗೆ, ನೋಡಿದ್ದು ನನ್ನನ್ನು.

ಆಷಾಢದಲ್ಲಿ ಒಂದು ದಿನ ಹೆಂಚು ಸೋರುತ್ತಿದೆಯೇ ನೋಡಲು ಆ ಹಿಂದಿನ ಕೋಣೆಗೆ ನಾನೇ ಹೋದೆ. ನಡುವೆ ಗೋಡೆ ಎದ್ದ ಮೇಲೆ ನಾನು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಕಿಟಕಿ ಇಲ್ಲ, ಗೋಡೆ ಮುಟ್ಟಿದರೆ ಕೈ ಒದ್ದೆ. ಮೂಲೆಯಲ್ಲಿ ನೆಲದ ಮೇಲೆ ಹೊಳೆಯ ಮರಳು ಹಾಸಿ, ಹನ್ನೆರಡು ಬಾಟಲಿಗಳನ್ನು ಅಡ್ಡಡ್ಡ ಮಲಗಿಸಿದ್ದರು. ಮೇಲೆ ಗೋಣಿ. ಮೇಣದ ಮೇಲೆಲ್ಲ ಬೂಷ್ಟು. ನನ್ನ ಪಿತ್ತ ನೆತ್ತಿಗೇರಿತು. ಅಣ್ಣನ ಕೊನೆಯ ಕೈಕೆಲಸವನ್ನು ಈ ಹೆಂಗಸು ಕೊಳೆಯಲು ಹಾಕಿ ಹೋಗಿದ್ದಾಳೆ ಅನ್ನಿಸಿತು.

ನಮ್ಮ ಕಡೆಯ ಮಳೆಗಾಲ ಗೊತ್ತಿದ್ದವರಿಗೆ ನಾನು ಮುಂದೆ ಮಾಡಿದ್ದನ್ನು ವಿವರಿಸಬೇಕಾಗಿಲ್ಲ. ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಹತ್ತುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಉಳಿಯಬೇಕಾದ್ದು ಏನಿದ್ದರೂ ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಬೀಜ, ಕಂಬಳಿ, ಸಾರಿಗೆ ಹಾಕುವ ವಾಟೆಹುಳಿ, ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಎಲ್ಲ ಅಲ್ಲೇ. ಹಂಡೆಯ ಕೆಳಗೆ ಬೆಳಗ್ಗೆಯಿಂದ ಸಂಜೆವರೆಗೆ ಬೆಂಕಿ ಇರುತ್ತದೆ, ಮೇಲೆ ಬೆಚ್ಚಗೆ ಹೊಗೆ. ಬಾಟಲಿಗಳನ್ನು ಒಂದೊಂದಾಗಿ ಒರೆಸಿ, ಅಲ್ಲಿ ನೆಟ್ಟಗೆ ಸಾಲಾಗಿ ನಿಲ್ಲಿಸಿದೆ.

ತುಂಗಾ, "ಅಕ್ಕನಿಗೆ ಒಂದು ಫೋನ್ ಮಾಡಿ ಕೇಳ್ಬಾರ್ದಾ?" ಅಂದಳು. ನಾನು ಬೇಡ ಅಂದೆ. ನನಗೆ ಬೇಕಾಗಿದ್ದೇ ಬೇರೆ. ಅಮಾವಾಸ್ಯೆಯ ದಿನ ನೆಂಟರೆಲ್ಲ ಕೂತಿರುವಾಗ, ಅತ್ತಿಗೆ ಖಾಲಿ ಮೂಲೆ ನೋಡಿ ಬಾಯಿ ಬಿಡುವಾಗ, ನಾನು ಅಟ್ಟದಿಂದ ಒಂದೊಂದೇ ಇಳಿಸಿ, ಇದನ್ನು ಉಳಿಸಿದವನು ನಾನು ಅಂತ ಹೇಳಬೇಕಾಗಿತ್ತು. ಮೂರು ತಿಂಗಳು ಆ ಮಾತನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದೆ.

ಅಮಾವಾಸ್ಯೆಯ ಬೆಳಗ್ಗೆ ನೆಂಟರೆಲ್ಲ ಸೇರಿದ ಮೇಲೆ ಸಿರಿಯ ಕಾರಿನಲ್ಲಿ ಅತ್ತಿಗೆ ಬಂದಿಳಿದರು. ಕೋಲು ಊರಿಕೊಂಡು ನೇರ ಹಿಂದಿನ ಕೋಣೆಗೆ ಹೋದರು. ಎರಡು ನಿಮಿಷದಲ್ಲಿ ಹೊರಬಂದು, "ಎಲ್ಲಿ?" ಅಂದರು. ನಾನು ತಿದ್ದಿಟ್ಟ ಮಾತು ಶುರುಮಾಡಿದೆ. ಅಟ್ಟ ಅನ್ನುವ ಶಬ್ದ ಬರುತ್ತಿದ್ದಂತೆ ಅವರು ಕೈ ಎತ್ತಿ ತಡೆದು, "ಇಳಿಸು" ಅಂದರು.

ಇಳಿಸುವಾಗಲೇ ನನ್ನ ಕೈಗೆ ಗೊತ್ತಾಯಿತು. ಮೇಣ ಕರಗಿ ಬಾಟಲಿಯ ಕುತ್ತಿಗೆಗೆ ಇಳಿದಿತ್ತು. ಕಾರ್ಕು ಒಣಗಿ, ಕುಗ್ಗಿ, ಕೆಲವು ಅರ್ಧ ಮೇಲೆದ್ದಿದ್ದವು. ಅತ್ತಿಗೆ ಒಂದರ ಕಾರ್ಕನ್ನು ಬೆರಳಿನಿಂದಲೇ ಎತ್ತಿ ಮೂಸಿದರು. ಇನ್ನೊಂದನ್ನು ಮೂಸಿದರು. ಹನ್ನೆರಡನ್ನೂ ಮೂಸಿದರು. ನಾನು ನಿಂತಲ್ಲಿಗೇ ಹುಳಿ ವಾಸನೆ ಬರುತ್ತಿತ್ತು.

"ವೈನಿಗೆ ಬಿಸಿ ಆಗದಿಲ್ಲ" ಅಂದರು ಅತ್ತಿಗೆ, ಹಾಸ್ಟೆಲ್ ಹುಡುಗನಿಗೆ ಹೇಳುವ ಹಾಗೆ. "ಕತ್ತಲೆ ಬೇಕು, ತಂಪು ಬೇಕು. ಮಲಗಿಸಿದ್ರೆ ಕಾರ್ಕು ಒದ್ದೆ ಇರ್ತದೆ, ಗಾಳಿ ಹೋಗದಿಲ್ಲ. ಅದಕ್ಕೇ ಗೋಡೆ ಹಾಕ್ದಾಗ ನಾನು ಈ ಮನೇಲಿ ಯಾರಿಗೂ ಬ್ಯಾಡದ ಆ ಥಂಡಿ ಕೋಣೆ ಕೇಳಿ ತಗಂಡಿದ್ದು. ನಿಮ್ಮಣ್ಣ ನಿಂಗೆ ಎಷ್ಟು ಸಲ ಹೇಳಿದ್ರು. ನೀನು ಮಾತಾಡ್ತಿದ್ದೆ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಅತ್ತಿದ್ದರೆ, ಬೈದಿದ್ದರೆ, ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಅಣ್ಣ ಬಿಟ್ಟುಹೋದ ಹನ್ನೆರಡು ವರ್ಷಗಳನ್ನು ನಾನು ಒಂದು ಮಳೆಗಾಲದಲ್ಲಿ ಹಾಳು ಮಾಡಿದ್ದೆ. ಅದು ಒಳ್ಳೆಯ ಮನಸ್ಸಿನಿಂದ ಆದದ್ದೂ ಅಲ್ಲ, ಅವರ ಮುಖ ಸಣ್ಣದಾಗುವುದನ್ನು ನೋಡುವ ಆಸೆಯಿಂದ ಆದದ್ದು.

"ಒಂದು ಗಂಟೆ ಕೊಡಿ, ಕೊಪ್ಪಕ್ಕೆ ಹೋಗಿ ಒಳ್ಳೇ ವೈನ್ ತರ್ತೀನಿ" ಅಂದೆ.

"ಅಂಗಡೀದು ನಿನ್ನ ಎಡೆಗೆ ಇಡಕ್ಕೆ ಹೇಳು" ಅಂದರು. ಎಲ್ಲರ ಎದುರು.

ಎಲೆ ಹಾಕಿದೆವು. ಕೋಳಿಸಾರು ಬಡಿಸಿದೆ, ಕಡುಬು ಇಟ್ಟೆ. ಅತ್ತಿಗೆ ಅದೇ ಬಾಟಲಿಯೊಂದನ್ನು ನನ್ನ ಕೈಗೆ ಕೊಟ್ಟು, "ಹಾಕು" ಅಂದರು. ಹಾಕಿದೆ. ಅಗರಬತ್ತಿಯ ವಾಸನೆಯನ್ನು ಮುಚ್ಚಿ ಹುಳಿ ಎದ್ದಿತು. ಅವರು ಅಣ್ಣನ ಫೋಟೋ ನೋಡುತ್ತ, "ನಿಮ್ಮ ತಮ್ಮ ಕಾಪಾಡಿ ಇಟ್ಟಿದ್ದು. ಕುಡೀರಿ" ಅಂದರು.

ಬಾಗಿಲು ಮುಚ್ಚಿ ಹೊರಗೆ ಕೂತೆವು. ಬಾಗಿಲು ತೆಗೆದ ಮೇಲೆ ಅತ್ತಿಗೆ ಲೋಟ ಎತ್ತಿ ನನ್ನ ಮುಂದೆ ಹಿಡಿದರು. ಸಿರಿ, "ಬ್ಯಾಡ ಅಮ್ಮ, ಚಿಕ್ಕಪ್ಪನ ಹೊಟ್ಟೆ ಹಾಳಾಗ್ತದೆ" ಅಂದಳು. ಅತ್ತಿಗೆಯ ಕೈ ಹಿಂದೆ ಹೋಗಲಿಲ್ಲ. ನಾನು ತೆಗೆದುಕೊಂಡು ಕುಡಿದೆ. ಗಂಟಲು ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಅದು ಹುಳಿಗೆ ಬಂದ ನೀರು ಅಂತ ನೆಂಟರಿಗೆ ಹೇಳಿದೆ.

ಉಳಿದ ಹನ್ನೊಂದನ್ನು ಎಸೆಯುತ್ತಾರೆ ಅಂದುಕೊಂಡಿದ್ದೆ. ಅತ್ತಿಗೆ ಕಾರ್ಕು ಒತ್ತಿ, ಹೊಸ ಮೇಣ ಹಾಕಿ, ಮರಳಿನ ಮೇಲೆ ಮತ್ತೆ ಮಲಗಿಸಿ, ಗೋಣಿ ಹೊದಿಸಿದರು. ಹೋದ ವರ್ಷದ ಅಮಾವಾಸ್ಯೆಗೆ ಒಂದು ಹೊರಗೆ ಬಂತು. ಎಡೆ ಇಟ್ಟೆ, ಲೋಟಕ್ಕೆ ಹಾಕಿದೆ, ಕುಡಿದೆ. ಇನ್ನೂ ಹತ್ತು ಇವೆ. ಬೇಕೆಂದೇ ಇದನ್ನು ಮಾಡುತ್ತಿದ್ದಾರೆ ಅಂತ ನನಗೆ ಗೊತ್ತು, ನನಗೆ ಗೊತ್ತು ಅಂತ ಅವರಿಗೂ ಗೊತ್ತು. ಒಲ್ಲೆ ಅನ್ನಬಹುದು. ಆದರೆ ಅಣ್ಣ ಮಾಡಿದ್ದನ್ನು ಚೆಲ್ಲುವುದಕ್ಕೆ ನನ್ನ ಕೈ ಬರುವುದಿಲ್ಲ, ಬೇರೆ ಯಾರಿಗೂ ಕುಡಿಸುವುದಕ್ಕೆ ಮುಖವಿಲ್ಲ.

ಈಗ ಅತ್ತಿಗೆ ಕೋಲು ಬಿಟ್ಟು ನಡೆಯುತ್ತಾರೆ. ಡಾಕ್ಟರು ಇನ್ನು ಇಪ್ಪತ್ತು ವರ್ಷ ಯೋಚನೆ ಇಲ್ಲ ಅಂದಿದ್ದಾರಂತೆ. ಗೋಡೆಯಾಚೆ ಅವರು ಅದನ್ನು ಫೋನಿನಲ್ಲಿ ಯಾರಿಗೋ ಹೇಳುವುದು ನನಗೆ ಕೇಳಿಸಿತು, ಅದೂ ಬೇಕೆಂದೇ ದೊಡ್ಡ ದನಿಯಲ್ಲಿ.