ಮಗನಿಗೆ ಕೊಡದ ಮದ್ದು

ಹೋದ ತಿಂಗಳು ಪುತ್ತೂರಿನಲ್ಲಿ ಹೊಸದಾಗಿ ತೆರೆದ ಒಂದು ಹೋಟೆಲಿಗೆ ಮೊಮ್ಮಗಳು ನನ್ನನ್ನು ಕರೆದುಕೊಂಡು ಹೋದಳು. ಹಳೆಯ ಕಾಲದ ಸಾಮಾನುಗಳನ್ನೆಲ್ಲ ಅಲಂಕಾರಕ್ಕೆ ಇಟ್ಟ ಹೋಟೆಲು ಅದು. ಲಾಟೀನು, ಸೇರು, ಪಾವು, ಗ್ರಾಮಫೋನಿನ ತುತ್ತೂರಿ... ನನ್ನನ್ನೂ ಒಂದು ಮೂಲೆಯಲ್ಲಿ ಕೂರಿಸಿದರೆ ಸರಿಹೋಗುತ್ತದೆ ಎಂದು ತಮಾಷೆ ಮಾಡುತ್ತಿದ್ದ ನನಗೆ ನಮ್ಮ ಮೇಜಿನ ಮೇಲಿದ್ದ ಶೀಶೆ ಕಣ್ಣಿಗೆ ಬಿತ್ತು. ಚಪ್ಪಟೆಯ ಗಾಜಿನ ಶೀಶೆ. ಒಳಗೆ ನೀರು ಹಾಕಿ ಯಾವುದೋ ಬಳ್ಳಿಯ ತುಂಡು ಸಿಕ್ಕಿಸಿದ್ದರು. ಬದಿಯಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದು ಹಳದಿಯಾಗಿ ಇನ್ನೂ ಅಂಟಿಕೊಂಡಿತ್ತು. ಒಂದು ಹಲ್ಲಿಗೆ ಒಂದು ಹೊತ್ತಿನ ಮದ್ದು. ಆಗಿನ ಕಂಪೌಂಡರುಗಳು ಹಾಗೆ ಅಳತೆ ಅಂಟಿಸಿ ಕೊಡುತ್ತಿದ್ದರು. "ಅಜ್ಜಿ, ದೋಸೆ ತಣಿತದೆ" ಎಂದಳು ಮೊಮ್ಮಗಳು. ದೋಸೆ ತಣಿದೇ ಹೋಯಿತು.

ಅಂಥದೇ ಶೀಶೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಸ್ಸಿನ ಸೀಟಿನ ತುದಿಯಲ್ಲಿ ಕುಳಿತಿದ್ದ ಒಬ್ಬರು ನೆನಪಾದರು. ನಮ್ಮ ಕ್ರೈಸ್ತ ಸಭೆಯ ಉಪದೇಶಿ. ನನ್ನ ಜೀವ ಉಳಿಸಿದವರು ಅವರು. ಅದೇ ಕೆಲಸದಿಂದ ತನ್ನ ಆತ್ಮದ ರಕ್ಷಣೆ ಕಳೆದುಹೋಯಿತೆಂದು ಕೊನೆಯವರೆಗೆ ನಂಬಿದವರೂ ಅವರೇ.

ನಮ್ಮ ಹಿರಿಯರು ಕೇರಳದಿಂದ ಕಡಬದ ಕಡೆಗೆ ಬಂದು, ಕಾಡು ಕಡಿದು ಮರಗೆಣಸು, ಕರಿಮೆಣಸು ನೆಟ್ಟವರು. ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ದಾರಿಯಲ್ಲಿ ತುಳು. ಈಗ ನನಗೆ ನೆನಪುಗಳೂ ಕನ್ನಡದಲ್ಲೇ ಬರುತ್ತವೆ. ಹಾಗಾಗಿ ಅವರೆಲ್ಲ ಇಲ್ಲಿ ಕನ್ನಡದಲ್ಲೇ ಮಾತಾಡಲಿ. ಬಂದವರೆಲ್ಲ ಕ್ರೈಸ್ತರು, ಹೆಚ್ಚಿನವರು ಗುಡ್ಡೆಯ ಮೇಲಿನ ಇಗರ್ಜಿಗೆ, ಎಂದರೆ ಹಳೆಯ ಚರ್ಚಿಗೆ, ಹೋಗುವವರು. ನಾವು ಏಳು ಮನೆಯವರು ಮಾತ್ರ ಬೇರೆ. ಇಗರ್ಜಿ ಬಿಟ್ಟು, ಹೊಳೆಯಲ್ಲಿ ಮುಳುಗಿ ಹೊಸದಾಗಿ ದೀಕ್ಷಾಸ್ನಾನ ತೆಗೆದುಕೊಂಡು 'ವಿಶ್ವಾಸಿ'ಗಳಾದವರು. ನಮ್ಮಲ್ಲಿ ಚಿನ್ನ ಹಾಕುವಂತಿಲ್ಲ. ಅಮ್ಮನ ಕಿವಿಯಲ್ಲಿ ತೂತು ಇತ್ತು, ಓಲೆ ಇರಲಿಲ್ಲ. ಮದ್ದು ಕುಡಿಯುವಂತಿಲ್ಲ. ಕಾಯಿಲೆ ಬಿದ್ದರೆ ಪ್ರಾರ್ಥನೆ. ಮದ್ದಿಗೆ ಕೈಚಾಚಿದರೆ ದೇವರ ಮೇಲೆ ನಂಬಿಕೆ ಇಲ್ಲವೆಂದೇ ಲೆಕ್ಕ.

ಇಗರ್ಜಿಯವರಿಗೂ ನಮ್ಮವರಿಗೂ ಸಂತೆಯಲ್ಲಿ ಎದುರಾದರೆ ಸಾಕು, ಚರ್ಚೆ. ಬಡವನಿಗೆ ಅನ್ನ ಹಾಕದೆ, ರೋಗಿಯನ್ನು ನೋಡದೆ ಬರೀ ವಿಶ್ವಾಸ ವಿಶ್ವಾಸ ಅಂತ ಕುಣಿದರೆ ಸ್ವರ್ಗ ಸಿಗುವುದಾ ಎಂದು ಅವರು ಕೇಳುವುದು. ಒಳ್ಳೆಯ ಕೆಲಸದಿಂದ ಸ್ವರ್ಗ ಕೊಂಡುಕೊಳ್ಳಲಿಕ್ಕೆ ಆಗುವುದಾದರೆ ಯೇಸು ಸತ್ತದ್ದು ಯಾತಕ್ಕೆ ಎಂದು ನಮ್ಮಪ್ಪ ತಿರುಗಿ ಕೇಳುವುದು. ಒಂದೇ ವೇದಪುಸ್ತಕದಲ್ಲಿ ಇವರಿಗೂ ವಾಕ್ಯ ಸಿಗುತ್ತಿತ್ತು, ಅವರಿಗೂ ಸಿಗುತ್ತಿತ್ತು. ಅಷ್ಟರಲ್ಲಿ ಮೀನು ಖಾಲಿಯಾಗಿ, ಅಪ್ಪ ಬರಿಗೈಯಲ್ಲಿ ಮನೆಗೆ ಬರುತ್ತಿದ್ದರು. ಅಮ್ಮ ಚಟ್ನಿ ಅರೆಯಲು ಕೂರುತ್ತಿದ್ದಳು.

ನಮ್ಮ ಏಳು ಮನೆಯ ಸಭೆಗೆ ಉಪದೇಶಿಯೇ ಆಧಾರ. ಸಂಬಳವಿಲ್ಲ, ವಾರವಿಡೀ ಮರಗೆಣಸು ಅಗೆದು, ಆದಿತ್ಯವಾರ ಮುಳಿಹುಲ್ಲಿನ ಚಪ್ಪರದಲ್ಲಿ ಪ್ರಸಂಗ ಮಾಡುವವರು. ಎತ್ತರದ ಆಳು, ಗಟ್ಟಿ ಸ್ವರ. ಅವರಿಗೆ ಒಬ್ಬನೇ ಮಗ, ನನಗಿಂತ ಎರಡು ವರ್ಷ ದೊಡ್ಡವ. ಶಾಲೆಗೆ ಹೋಗುವಾಗ ಹಳ್ಳದ ಮೇಲಿನ ಕಾಲುಸಂಕದಲ್ಲಿ ನನ್ನ ಕೈ ಹಿಡಿದು ದಾಟಿಸುತ್ತಿದ್ದ. ಆ ಹುಡುಗನಿಗೆ ಚಳಿಜ್ವರ ಬಂತು. ಆಗ ಎಲ್ಲ ಮನೆಗಳಲ್ಲೂ ಚಳಿಜ್ವರ. ಹೊಸ ಜಾಗದ ಕಾಡು ಯಾರನ್ನೂ ಬಿಟ್ಟಿರಲಿಲ್ಲ. ಉಪದೇಶಿ ಎಣ್ಣೆ ಹಚ್ಚಿ ಪ್ರಾರ್ಥಿಸಿದರು, ಮದ್ದು ಕೊಡಲಿಲ್ಲ. ಒಂಬತ್ತನೆಯ ದಿನ ಹುಡುಗ ತೀರಿಕೊಂಡ. ಗುಂಡಿಯ ಬದಿಯಲ್ಲಿ ನಿಂತು, ಒಂದು ಹನಿ ಕಣ್ಣೀರು ಹಾಕದೆ, ಅವನು ನಮಗಿಂತ ಮೊದಲು ಮನೆ ಸೇರಿದ ಎಂದು ಅವರೇ ಪ್ರಸಂಗ ಮಾಡಿದರು. ಅಮ್ಮಚ್ಚಿ, ಎಂದರೆ ಅವರ ಹೆಂಡತಿ, ಪಕ್ಕದಲ್ಲಿ ನಿಂತಿದ್ದರು. ಅಂದಿನಿಂದ ಏಳು ಮನೆಯವರೂ ಉಪದೇಶಿಯೆಂದರೆ ಭಯಪಡುವಷ್ಟು ಗೌರವ ಕೊಡತೊಡಗಿದರು.

ಮರುವರ್ಷ ಜ್ವರ ನನಗೆ ಬಂತು. ಆಗ ನನಗೆ ಒಂಬತ್ತು. ಮೂರು ಕಂಬಳಿ ಹೊದಿಸಿದರೂ ನಡುಗುವುದು, ಆಮೇಲೆ ಬೆಂಕಿಯಂತೆ ಕಾಯುವುದು... ಮಾಡಿನ ಸೋಗೆ ಹತ್ತಿರ ಹತ್ತಿರ ಇಳಿದು ಬಂದಂತೆ ಕಾಣುತ್ತಿದ್ದುದು ಮಾತ್ರ ನನಗೆ ನೆನಪಿದೆ. ಪುತ್ತೂರಿಗೆ ಕೊಂಡುಹೋಗುವ ಎಂದು ಅಮ್ಮ ಅಪ್ಪನ ಕಾಲು ಹಿಡಿದಳಂತೆ. "ಉಪದೇಶಿ ತನ್ನ ಮಗನನ್ನೇ ಕೊಟ್ಟವರು. ನಾನು ಯಾವ ಮೋರೆ ಇಟ್ಕೊಂಡು ಆಸ್ಪತ್ರೆಗೆ ಹೋಗುದು?" ಎಂದರಂತೆ ಅಪ್ಪ. ಅಪ್ಪನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆರು ದಿನ ಅವರು ಅನ್ನ ಮುಟ್ಟಿರಲಿಲ್ಲ. ಆದರೂ ಈ ಮಾತು ಬರೆಯುವಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಏಳನೆಯ ದಿನ ಬೆಳಿಗ್ಗೆ ನನ್ನ ಕೈಕಾಲು ಸೆಟೆದುಕೊಂಡವು. ಇಲ್ಲಿಂದ ಮುಂದಿನದ್ದು ಅಮ್ಮ ಹೇಳಿದ್ದು. ನನಗೆ ಪ್ರಜ್ಞೆ ಇರಲಿಲ್ಲ. ಸಭೆಯವರೆಲ್ಲ ನಮ್ಮ ಚಾವಡಿಯಲ್ಲಿ ಮೊಣಕಾಲೂರಿದ್ದರು. ಉಪದೇಶಿ ನನ್ನ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದರು. ಮಧ್ಯದಲ್ಲಿ ಸ್ವರ ನಿಂತಿತು. ಉಸಿರು ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡು ಎಲ್ಲರೂ ಕಣ್ಣು ಮುಚ್ಚಿಯೇ ಕಾದರು.

"ಪುತ್ತೂರಿನ ಬಸ್ಸು ಎಷ್ಟು ಗಂಟೆಗೆ?" ಎಂದರು ಉಪದೇಶಿ.

ಹಿಂದೆ ಯಾರೋ ಅಭ್ಯಾಸದ ಮೇಲೆ 'ಆಮೆನ್' ಎಂದರಂತೆ. ಆಮೇಲೆ ಒಬ್ಬೊಬ್ಬರಾಗಿ ಕಣ್ಣು ಬಿಟ್ಟರು. "ಹನ್ನೊಂದೂವರೆಗೆ" ಎಂದು ಹೇಳಿದವಳು ಅಮ್ಮ. ಅವಳಿಗೆ ಗೊತ್ತಿತ್ತು. ಆರು ದಿನವೂ ನೆರಳು ನೋಡಿ ಆ ಬಸ್ಸಿನ ಹೊತ್ತಿಗೆ ಅವಳು ಅಂಗಳಕ್ಕೆ ಬಂದು ನಿಂತು, ಹೊತ್ತು ದಾಟಿದ ಮೇಲೆ ಒಳಗೆ ಹೋಗುತ್ತಿದ್ದಳು.

ಉಪದೇಶಿ ನನ್ನನ್ನು ಕಂಬಳಿ ಸಮೇತ ಎತ್ತಿ ಹೆಗಲಿಗೆ ಹಾಕಿಕೊಂಡರು. ಅಪ್ಪ ಬಾಗಿಲಿಗೆ ಅಡ್ಡ ನಿಂತರು.

"ನಿಮ್ಮ ಹುಡುಗನಿಗೆ ನೀವು ಮದ್ದು ಕೊಡ್ಲಿಲ್ಲ, ಉಪದೇಶಿ."

"ಕೊಡ್ಲಿಲ್ಲ."

"ಹಾಗಾದ್ರೆ ನನ್ನ ವಿಶ್ವಾಸ ನಿಮ್ಮದಕ್ಕಿಂತ ಕಮ್ಮಿಯಾ? ಇಷ್ಟು ಜನರ ಎದುರು ನಾನು ಸೋತವ ಅಂತ ಆಗ್ಬೇಕಾ?"

"ಸೋತದ್ದು ನಾನು. ನೀನು ದಾರಿ ಬಿಡು ಮಾರಾಯ. ಇವತ್ತಿನ ಬಸ್ಸು ತಪ್ಪಿದ್ರೆ ನಾಳೆಯ ಬಸ್ಸಿಗೆ ಇವಳು ಇರುದಿಲ್ಲ."

ಅಪ್ಪ ಸರಿಯಲಿಲ್ಲ. ಉಪದೇಶಿ ಭುಜ ಕೊಟ್ಟು ಅವರನ್ನು ಬದಿಗೆ ತಳ್ಳಿ ಇಳಿದರು. ಅಮ್ಮ ಸೆರಗು ಬಿಗಿದುಕೊಂಡು ಹಿಂದೆ ಓಡಿದಳು. ರಸ್ತೆಗೆ ನಾಲ್ಕು ಮೈಲಿ, ಬಿಸಿಲು, ಎರಡು ಕಡೆ ತೋಡಿನ ನೀರು ಹಾಯಬೇಕು. ಸಮಯ ನೋಡಲು ಇಬ್ಬರಲ್ಲೂ ಗಡಿಯಾರ ಇರಲಿಲ್ಲ. ದಾರಿ ಇರುವುದು ಉಪದೇಶಿಯ ಅಂಗಳದ ಮೇಲೆಯೇ. ಪ್ರಾರ್ಥನೆಗೆ ಬಾರದಿದ್ದ ಅಮ್ಮಚ್ಚಿ ಅಲ್ಲಿ ಮರಗೆಣಸಿನ ಹೋಳು ಒಣಗಲು ಹರಡುತ್ತಿದ್ದರು. ಗಂಡನ ಹೆಗಲ ಮೇಲೆ ನನ್ನನ್ನು ಕಂಡರು. ಎಲ್ಲಿಗೆ ಎಂದು ಕೇಳಲಿಲ್ಲ. ಆ ಹೊತ್ತಿನಲ್ಲಿ ಆ ದಾರಿಯಲ್ಲಿ ಎಲ್ಲಿಗೆ ಹೋಗುವುದೆಂದು ಯಾರಿಗಾದರೂ ತಿಳಿಯುತ್ತಿತ್ತು. ಹತ್ತಿರ ಬಂದು ನನ್ನ ಹಣೆಯ ಮೇಲೆ ಅಂಗೈ ಇಟ್ಟರು.

"ಅವನಿಗೆ ಇದಕ್ಕಿಂತ ಜಾಸ್ತಿ ಸುಡ್ತಿತ್ತು" ಎಂದರು. ಆಮೇಲೆ, "ಹೋಗಿ, ಬಸ್ಸು ತಪ್ತದೆ."

ಆ ಮಾತು ಕೇಳಿದ ಮೇಲೆ ಉಪದೇಶಿ ನಡೆದದ್ದಲ್ಲ, ಓಡಿದ್ದು ಎಂದು ಅಮ್ಮ ಹೇಳುತ್ತಿದ್ದಳು. ಬಸ್ಸು ಹೊರಟುಬಿಟ್ಟಿತ್ತು. ಒಳದಾರಿಯಲ್ಲಿ ಮುಂದಿನ ತಿರುವಿಗೆ ಇಳಿದು, ಅಡ್ಡ ನಿಂತು ನಿಲ್ಲಿಸಿದರು. ಕಾಣಿಯೂರು ದಾಟುವಾಗ ನನ್ನ ಉಸಿರು ಉಂಟೋ ಇಲ್ಲವೋ ಎಂದು ಅಮ್ಮ ಮೂಗಿನ ಹತ್ತಿರ ಕೆನ್ನೆ ಇಟ್ಟು ನೋಡಿದಳಂತೆ. ಪುತ್ತೂರಿನಲ್ಲಿ ಡಾಕ್ಟರು ಮೊದಲು ಬೈದರು, ಆಮೇಲೆ ಸೂಜಿ ಹಾಕಿದರು. ಐದನೆಯ ದಿನ ನಾನು ಗಂಜಿ ಕೇಳಿದೆ. ಹಿಂದಿರುಗುವಾಗ ಬಸ್ಸಿನಲ್ಲಿ ಉಪದೇಶಿ ನನ್ನ ಮದ್ದಿನ ಶೀಶೆಯನ್ನು ಹಿಡಿದುಕೊಂಡು ಕುಳಿತಿದ್ದರಲ್ಲ, ಅದು ನಾನೇ ನೋಡಿದ್ದು. ಕಾಗದದ ಹಲ್ಲುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತಿದ್ದರು. ಏನು ಯೋಚಿಸುತ್ತಿದ್ದರೋ...

ಆ ಆದಿತ್ಯವಾರ ಅವರು ಚಪ್ಪರದಲ್ಲಿ ಎದ್ದು ನಿಂತು ಎರಡೇ ಮಾತು ಹೇಳಿದರು. "ನಾನು ದೇವರನ್ನು ನಂಬದವ ಆದೆ. ಇನ್ನು ನನ್ನನ್ನು ಉಪದೇಶಿ ಅಂತ ಕರೀಬೇಡಿ." ಕರೆಯುವುದನ್ನು ಯಾರೂ ಬಿಡಲಿಲ್ಲ, ಆದರೆ ಪ್ರಸಂಗ ಬಿಟ್ಟ ಅವರನ್ನು ತಡೆಯಲೂ ಇಲ್ಲ. ಮುಂದಿನ ವಾರ ನಮ್ಮಪ್ಪ ಸಾಕ್ಷಿ ಹೇಳಲು ಎದ್ದರು. ಮಗಳು ಪ್ರಾರ್ಥನೆಯಿಂದ ಗುಣವಾದಳು, ಆಸ್ಪತ್ರೆ ಒಂದು ನೆಪ ಎಂದರು. ಎಲ್ಲರೂ ಸ್ತೋತ್ರ ಹೇಳಿದರು. ಉಪದೇಶಿ ಬಾಗಿಲ ಬಳಿಯ ಚಾಪೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಯೇಸುವಿನ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿಯ ತಟ್ಟೆ ಬಂದಾಗ ತೆಗೆದುಕೊಳ್ಳದೆ ಪಕ್ಕದವನಿಗೆ ದಾಟಿಸಿದರು. ಮುಂದೆ ಹತ್ತು ವರ್ಷ ಹಾಗೆಯೇ ದಾಟಿಸಿದರು. ತಾನು ಆ ಊಟಕ್ಕೆ ಸೇರಿದವನಲ್ಲ ಎಂದು ಅವರಿಗೆ ಖಾತ್ರಿಯಿತ್ತು.

ಆ ಹತ್ತು ವರ್ಷದಲ್ಲಿ ಅವರು ಇನ್ನೊಂದು ಕೆಲಸ ಹಿಡಿದರು. ಸುತ್ತಮುತ್ತ ಯಾರಿಗೆ ಕಾಯಿಲೆಯಾದರೂ, ಹೆರಿಗೆ ಕಷ್ಟವಾದರೂ, ಹಾವು ಕಚ್ಚಿದರೂ, ಹೊತ್ತುಕೊಂಡು ರಸ್ತೆಗೆ ಮುಟ್ಟಿಸುವುದು. ತುಳುವರು, ಬ್ಯಾರಿಗಳು, ಇಗರ್ಜಿಯವರು ಎಂದು ನೋಡಲಿಲ್ಲ. ಇಗರ್ಜಿಯವರಿಗೆ ಖುಷಿಯೋ ಖುಷಿ. "ಈಗ ನಮ್ಮ ದಾರಿಗೆ ಬಂದ್ರಿ ಮಾರಾಯ್ರೆ, ಇಷ್ಟು ಪುಣ್ಯ ಮಾಡಿದವರಿಗೆ ಸ್ವರ್ಗ ಸಿಗದೆ ಉಂಟಾ?" ಎಂದು ಸಂತೆಯಲ್ಲಿ ಛೇಡಿಸಿದರೆ, "ಪುಣ್ಯ ಅಲ್ಲ ಅದು. ಕೂತ್ರೆ ನಿದ್ದೆ ಬರುದಿಲ್ಲ, ಅದಕ್ಕೆ ನಡಿತೇನೆ" ಎನ್ನುತ್ತಿದ್ದರು. ಅಪ್ಪ ಅವರೊಡನೆ ಮಾತು ಬಿಟ್ಟಿದ್ದರು. ಮಗಳ ಜೀವ ಉಳಿಸಿದವರ ಜೊತೆ ಮಾತು ಬಿಡುವುದು ಹೇಗೆಂದು ನನಗೆ ಅರ್ಥವಾಗುತ್ತಿರಲಿಲ್ಲ. ಈಗ ಸ್ವಲ್ಪ ಅರ್ಥವಾಗುತ್ತದೆ. ಬಾಗಿಲಿಗೆ ಅಡ್ಡ ನಿಂತದ್ದನ್ನು ಅವರಿಗೆ ಮರೆಯಲು ಆಗಿರಲಿಕ್ಕಿಲ್ಲ.

ಅರವತ್ತರ ದಶಕದ ಮಧ್ಯಕ್ಕೆ ನಾನು ಮಂಗಳೂರಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದೆ. ಹೌದು, ಮದ್ದು ಮುಟ್ಟದ ನಮ್ಮ ಮನೆಯವಳೇ. ಅಷ್ಟರಲ್ಲಿ ನಮ್ಮ ಸಭೆಗೆ ಮದ್ದು ಪಾಪವಲ್ಲ ಎಂದು ತಿಳಿದಿತ್ತು. ಯಾವ ಆದಿತ್ಯವಾರ ತಿಳಿಯಿತೋ ಯಾರೂ ಹೇಳಲಿಲ್ಲ. ಹೊಸ ಉಪದೇಶಿ ಕನ್ನಡಕ ಹಾಕುತ್ತಿದ್ದರು, ಅಪ್ಪ ಸಂಧಿವಾತಕ್ಕೆ ಪುತ್ತೂರಿನಿಂದ ಮಾತ್ರೆ ತರಿಸುತ್ತಿದ್ದರು. ತಪ್ಪಾಯಿತು ಎಂದವರು ಒಬ್ಬರೂ ಇಲ್ಲ. ನಾನು ರಜೆಯಲ್ಲಿ ಬಂದಾಗ ನಮ್ಮ ಹಳೆಯ ಉಪದೇಶಿ ಜ್ವರದಿಂದ ಮಲಗಿದ್ದರು. ಎದೆನೋವು, ಕೆಮ್ಮಿದರೆ ಕೆಂಪು ಕಫ. ನ್ಯುಮೋನಿಯಾ ಎಂದು ನೋಡಿದ ಕೂಡಲೇ ತಿಳಿಯಿತು. ಹೊತ್ತುಕೊಂಡು ರಸ್ತೆಗೆ ಮುಟ್ಟಿಸಲು ನಾಲ್ಕು ಜನ ಬಂದು ನಿಂತರೆ ಅವರು ಮಂಚದ ಅಂಚು ಹಿಡಿದುಕೊಂಡು ಬಿಡಲಿಲ್ಲ. ನಾನೇ ಪುತ್ತೂರಿಗೆ ಹೋಗಿ ಡಾಕ್ಟರಿಗೆ ಹೇಳಿ ಮಾತ್ರೆ ತಂದೆ. ಅರೆದು ನೀರಿಗೆ ಹಾಕಿ ಲೋಟ ಬಾಯಿಯ ಹತ್ತಿರ ಹಿಡಿದೆ.

"ಬೇಡ ಮಗಳೇ."

"ಯಾಕೆ ಬೇಡ? ಈಗ ಎಲ್ಲರೂ ಕುಡೀತಾರೆ. ಅಪ್ಪನೂ ಕುಡೀತಾರೆ."

"ಕುಡೀಲಿ. ಮದ್ದು ಪಾಪ ಅಂತ ಅಲ್ಲ."

"ಮತ್ತೆ ಎಂತ? ನನಗೆ ಕೊಡಿಸಿದ್ದು ನೀವೇ ಅಲ್ವಾ?"

ಅವರು ಮಾಡು ನೋಡುತ್ತ ಮಲಗಿದ್ದರು. ಉಸಿರು ಸಾಲುತ್ತಿರಲಿಲ್ಲ. "ನಿನಗೆ ಕೊಟ್ಟೆ. ಅವನಿಗೆ ಕೊಡ್ಲಿಲ್ಲ. ಅವನಿಗೆ ಕೊಡದ್ದನ್ನು ನಾನು ಹೇಗೆ ಕುಡಿಯುದು?" ಎಂದರು.

ಬಾಗಿಲ ಬಳಿ ಕುಳಿತಿದ್ದ ಅಮ್ಮಚ್ಚಿ ಎದ್ದು ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಮಂಚದ ಅಂಚಿನಲ್ಲಿ ಕುಳಿತು ಗಂಡನ ತಲೆ ಎತ್ತಿ ಮಡಿಲಿಗೆ ಇಟ್ಟುಕೊಂಡರು.

"ಅವನ ಅಮ್ಮ ನಾನು" ಎಂದರು. "ಕೊಡ್ತಾ ಇರುದು ನಾನು. ಕುಡೀರಿ."

ಅವರು ಹೆಂಡತಿಯ ಮುಖ ನೋಡಿದರು, ಬಾಯಿ ತೆರೆದರು. ಅಮ್ಮಚ್ಚಿ ಚಮಚದಲ್ಲಿ ಕೊಟ್ಟರು. ಅರ್ಧ ಒಳಗೆ ಹೋಯಿತು, ಅರ್ಧ ಗಡ್ಡದಲ್ಲಿ ಇಳಿಯಿತು. ಸೆರಗಿನಿಂದ ಒರೆಸಿ ಮತ್ತೆ ಕೊಟ್ಟರು. ಅತ್ತದ್ದು ನಾನೊಬ್ಬಳೇ.

ಮದ್ದು ತಡವಾಗಿತ್ತು. ಮೂರನೆಯ ದಿನ ಮಧ್ಯಾಹ್ನ ತೀರಿಕೊಂಡರು. ಮಗನ ಪಕ್ಕದಲ್ಲೇ ಗುಂಡಿ ತೋಡಿದರು. ಅಪ್ಪ ಬಂದು ಉದ್ದದ ಪ್ರಾರ್ಥನೆ ಮಾಡಿದರು, ವಿಶ್ವಾಸದಲ್ಲಿ ನಿದ್ರೆಹೋದ ಸಹೋದರ ಎಂದರು. ಅವರ ಹೆಗಲ ಮೇಲೆ ರಸ್ತೆ ಮುಟ್ಟಿದ್ದವರು ಬೇಲಿಯ ಆಚೆ ತುಂಬ ಜನ ನಿಂತಿದ್ದರು; ನಮ್ಮ ಪ್ರಾರ್ಥನೆಗೆ ಸೇರದ ಜನ. ಅಮ್ಮಚ್ಚಿ ಎರಡು ವರ್ಷದ ಮೇಲೆ ತೀರಿಕೊಂಡರು. ಆಗ ನಾನು ದೂರದ ಊರಿನ ಆಸ್ಪತ್ರೆಯಲ್ಲಿದ್ದೆ. ಸುದ್ದಿ ಬರುವಾಗ ಮಣ್ಣು ಮಾಡಿ ವಾರವಾಗಿತ್ತು.

ಇದನ್ನೆಲ್ಲ ಹೋಟೆಲಿನಲ್ಲೇ ಮೊಮ್ಮಗಳಿಗೆ ಹೇಳಿದೆ. ಅವಳು ಈಗಿನ ಮಕ್ಕಳಂತೆ ನೇರವಾಗಿ ಕೇಳಿದಳು: "ಹಾಗಾದ್ರೆ ಅವರಿಗೆ ರಕ್ಷಣೆ ಸಿಕ್ಕಿತಾ ಅಜ್ಜಿ? ವಿಶ್ವಾಸದಿಂದಲಾ, ಕೆಲಸದಿಂದಲಾ?" ನನಗೆ ರೇಗಿತು. ಅವಳ ಮೇಲಲ್ಲ, ಆ ಪ್ರಶ್ನೆಯನ್ನು ಸಂತೆಯಲ್ಲಿ ಮೀನಿನ ಬುಟ್ಟಿಯ ಎದುರು ನಿಂತು ಕೇಳಿಕೊಂಡವರೆಲ್ಲರ ಮೇಲೆ. ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ.

ನನಗೆ ಗೊತ್ತಿರುವುದು ಒಂದೇ. ಜ್ವರ ಬಿಟ್ಟ ಮೇಲೆ ನಾನು ಶಾಲೆ ಮುಗಿಯುವವರೆಗೂ ದಿನಕ್ಕೆ ಎರಡು ಸಲ ಅವರ ಅಂಗಳ ಹಾದು ನಡೆದೆ. ಬೆಳೆಯುತ್ತ, ನಗುತ್ತ, ಅವರ ಪೇರಳೆ ಮರಕ್ಕೆ ಕಲ್ಲು ಹೊಡೆಯುತ್ತ. ಮಗನಿಲ್ಲದ ಆ ಅಂಗಳದಲ್ಲಿ ಗಂಡ ಹೆಂಡತಿ ಇಬ್ಬರೂ ಒಂದು ದಿನವೂ ನನ್ನಿಂದ ಮುಖ ತಿರುಗಿಸಲಿಲ್ಲ. ಅದು ಎಷ್ಟು ಕಷ್ಟದ ಕೆಲಸವೆಂದು ತಿಳಿಯುವಷ್ಟು ಬುದ್ಧಿ ನನಗೆ ಬರುವ ಹೊತ್ತಿಗೆ, ಹೇಳಿಕೊಳ್ಳಲು ಇಬ್ಬರೂ ಇರಲಿಲ್ಲ.